ಕೆಂಪು ಟೀ ಅಂದ್ರೆ ಲೇಡೀಸ್ ಟೀ ಅಲ್ಲ

ಇನ್ನೊಂದು ಸಲ ಕಣ್ಣಿಗೆ ಬಿತ್ತು. ಗಾಲ್ಫ್ ಆಡುವ ಹಿರಿಯರೊಬ್ಬರ ಬಗ್ಗೆ ಒಂದು ಪುಟ್ಟ ಬರಹ. ವಯಸ್ಸಾದ ಮೇಲೆ ಅವರು ಲೇಡೀಸ್ ಟೀಗೆ, ಅಂದರೆ ಮೊದಲ ಹೊಡೆತಕ್ಕೆ ನಿಲ್ಲುವ ಜಾಗಗಳಲ್ಲಿ ಮುಂದಿರುವ ಕೆಂಪು ಗುರುತಿನ ಜಾಗಕ್ಕೆ, ಇಳಿದರಂತೆ. 'ಇಳಿದರು' ಬೇರೆ! ಅವರು ಎಲ್ಲಿಗೂ ಇಳಿದಿಲ್ಲ. ಒಂದೊಂದು ಹೋಲಿನಲ್ಲಿ, ಅಂದರೆ ಟೀಯಿಂದ ಕುಳಿಯವರೆಗಿನ ಒಂದೊಂದು ಸುತ್ತಿನಲ್ಲಿ, ಮೂವತ್ತೋ ಐವತ್ತೋ ಗಜ ಮುಂದೆ ಬಂದಿದ್ದಾರೆ, ಅಷ್ಟೇ.

ಬಣ್ಣದ ಟೀ ಅಂದರೆ ಬಣ್ಣದ ಮೊಳೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೆಂಡಿನ ಕೆಳಗೆ ಚುಚ್ಚುವ ಮರದ ಮೊಳೆಗೂ ಟೀ ಅನ್ನುತ್ತಾರೆ, ಚುಚ್ಚುವ ಜಾಗಕ್ಕೂ ಟೀ ಅನ್ನುತ್ತಾರೆ. ಮೊಳೆಯ ಬಣ್ಣ ಯಾವುದಾದರೂ ಆಗಲಿ, ಯಾರೂ ಕೇಳುವುದಿಲ್ಲ. ಲೆಕ್ಕಕ್ಕೆ ಬರುವುದು ಜಾಗದ ಎರಡು ಬದಿಗೆ ಇಟ್ಟಿರುವ ಮಾರ್ಕರುಗಳ ಬಣ್ಣ. ಆ ಎರಡರ ನಡುವಿನ ಗೆರೆಯಿಂದ ಹಿಂದಕ್ಕೆ ಎರಡು ಕ್ಲಬ್ (ಚೆಂಡು ಹೊಡೆಯುವ ಕೋಲು) ಉದ್ದದ ಆಯತ, ಅದರೊಳಗಿಂದ ಹೊಡೆಯಬೇಕು. 2019ರ ನಿಯಮಗಳಲ್ಲಿ ಅದಕ್ಕೆ ಟೀಯಿಂಗ್ ಏರಿಯಾ ಅನ್ನುವ ಹೆಸರಿದೆ. ಟೀ ಬಾಕ್ಸ್ ಅನ್ನುವುದು ನಿಯಮಪುಸ್ತಕದ ಮಾತಲ್ಲ, ಆಡುಮಾತು.

ಆದರೆ ಆ ಆಡುಮಾತಿನಲ್ಲೇ ಚರಿತ್ರೆ ಇರುವುದು. ಒಂದು ಕಾಲಕ್ಕೆ ಅಲ್ಲಿ ನಿಜಕ್ಕೂ ಬಾಕ್ಸ್ ಇತ್ತು. ಮರದ ಪೆಟ್ಟಿಗೆ, ಒಳಗೆ ಮರಳು, ಪಕ್ಕದಲ್ಲಿ ನೀರು. ಆಟಗಾರನ ಕೋಲುಗಳನ್ನು ಹೊರುವ ಕ್ಯಾಡಿ ಒದ್ದೆ ಮರಳನ್ನು ಮೂರು ಬೆರಳಲ್ಲಿ ಎತ್ತಿ ಒಂದು ಪುಟ್ಟ ಗುಡ್ಡೆ ಮಾಡುತ್ತಿದ್ದ. ಅದರ ನೆತ್ತಿಯ ಮೇಲೆ ಚೆಂಡು. ಆ ಗುಡ್ಡೆಯೇ ಟೀ. ಚಿನ್ನಿದಾಂಡು ಆಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಚಿನ್ನಿ ಚಿಮ್ಮಿಸಲು ನಾವು ನೆಲ ಕೆರೆದು ಗುಳಿ ಮಾಡುತ್ತಿದ್ದೆವು, ಅವರು ಮರಳು ಪೇರಿಸಿ ಗುಡ್ಡೆ ಮಾಡಿದರು.

ಪದ ಸ್ಕಾಟ್ಲೆಂಡಿನದು. 1636ರಲ್ಲಿ ಅಬರ್ಡೀನಿನ ಶಾಲಾ ಮೇಷ್ಟ್ರು ಡೇವಿಡ್ ವೆಡರ್‌ಬರ್ನ್ ಮಕ್ಕಳಿಗಾಗಿ ಮಾಡಿದ ಲ್ಯಾಟಿನ್ ಪದಪಟ್ಟಿಯಲ್ಲಿ ಅದು 'ಟೀಸ್' ಎಂದಿದೆ. ಏಕವಚನವೇ ಟೀಸ್. ಆಮೇಲಿನ ಜನ ಕೊನೆಯ 'ಸ್' ಕೇಳಿ ಇದು ಬಹುವಚನ ಇರಬೇಕು ಅಂದುಕೊಂಡರು. ಅದನ್ನು ಕತ್ತರಿಸಿ ಒಂದು 'ಟೀ' ಮಾಡಿಕೊಂಡರು. ನಾವು ಇದರ ಉಲ್ಟಾ. ಸಿಟಿ ಬಸ್ಸಿನಲ್ಲಿ ಒಬ್ಬರೇ ಹೆಂಗಸು ಇಳಿಯುತ್ತಿದ್ದರೂ ಕಂಡಕ್ಟರು "ಲೇಡೀಸ್ ಇಳೀತಾರೆ, ನಿಲ್ಸಿ" ಅನ್ನುತ್ತಾರೆ. ಇಂಗ್ಲಿಷಿನ ಬಹುವಚನ ನಮಗೆ ಒಂದೇ ಗಂಟು. ಲೇಡೀಸ್ ಬಗ್ಗೆ ಇನ್ನೂ ಹೇಳುವುದಿದೆ, ಇರಿ.

1744ರಲ್ಲಿ ಲೀತ್ ಊರಿನಲ್ಲಿ ಬರೆದಿಟ್ಟ ಹದಿಮೂರು ನಿಯಮಗಳಲ್ಲಿ ಮೊದಲನೆಯದೇ ಟೀ ಬಗ್ಗೆ. ಹೋಲಿನ ಕುಳಿಯಿಂದ ಒಂದು ಕ್ಲಬ್ ಉದ್ದದೊಳಗೆ ಚೆಂಡು ಇಟ್ಟು ಹೊಡೆಯಬೇಕು. ಅಂದರೆ ಈ ಕುಳಿಗೆ ಚೆಂಡು ಹಾಕಿದ ಮೇಲೆ ಅಲ್ಲೇ ಪಕ್ಕದಿಂದ ಮುಂದಿನದಕ್ಕೆ ಶುರು. ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಟೀಗೆ ಬೇರೆ ಜಾಗ ಅಂತ ಆದ ಮೇಲೆ ತಾನೇ ಹಿಂದೆ, ಮುಂದೆ, ನೀಲಿ, ಕೆಂಪು ಎಲ್ಲ ಬಂದದ್ದು.

ಮರಳಿನ ಗುಡ್ಡೆಯನ್ನು ಮರದ ಮೊಳೆ ಮಾಡಿದವರು ಇಬ್ಬರು, ಇಬ್ಬರೂ ಹಲ್ಲಿನ ಡಾಕ್ಟರು. ಬಾಸ್ಟನ್ನಿನ ಜಾರ್ಜ್ ಗ್ರಾಂಟ್ 1899ರಲ್ಲಿ ಪೇಟೆಂಟ್ ಪಡೆದರು, ಮಾರಲು ಹೋಗಲಿಲ್ಲ. ನ್ಯೂಜೆರ್ಸಿಯ ವಿಲಿಯಂ ಲೋವೆಲ್ 1920ರ ದಶಕದಲ್ಲಿ ಮಾರಿದರು. ಅವರ ಮೊಳೆಗೆ ಹಚ್ಚಿದ್ದು ಕೆಂಪು ಬಣ್ಣ, ಹೆಸರು ರೆಡ್ಡಿ ಟೀ. ಅದನ್ನು ಚುಚ್ಚಿ ಹೊಡೆದ ಗಂಡಸರಿಗೆ ಕೆಂಪಿನ ಬಗ್ಗೆ ಯಾವ ಮುಜುಗರವೂ ಇರಲಿಲ್ಲ.

ಈಗ ಮಾರ್ಕರಿನ ಬಣ್ಣಕ್ಕೆ ಬರೋಣ. ನಿಯಮಪುಸ್ತಕದಲ್ಲಿ ಬಣ್ಣದ ಮಾತೇ ಇಲ್ಲ. ಯಾವ ಬಣ್ಣ ಎಲ್ಲಿ ಇಡಬೇಕೆಂದು ತೀರ್ಮಾನಿಸುವುದು ಆಯಾ ಕ್ಲಬ್ಬು. ಅಮೆರಿಕದ ರೂಢಿಯಲ್ಲಿ ಹಿಂದೆ ನೀಲಿ, ನಡುವೆ ಬಿಳಿ, ಮುಂದೆ ಕೆಂಪು. ನೀಲಿಗಿಂತಲೂ ಹಿಂದೆ ಕಪ್ಪೋ ಚಿನ್ನದ ಬಣ್ಣವೋ ಇರಬಹುದು. ಬ್ರಿಟನ್ನಿನ ಹಳೇ ರೂಢಿಯೇ ಬೇರೆ. ಅಲ್ಲಿ ಸ್ಪರ್ಧೆಗೆ ಬಿಳಿ, ದಿನದ ಆಟಕ್ಕೆ ಹಳದಿ, ಮುಂದೆ ಕೆಂಪು. ಹಾಗಾಗಿ "ನಾನು ಬಿಳಿ ಟೀಯಿಂದ ಆಡಿದೆ" ಅಂದರೆ ಒಂದು ಕಡೆ ಸಾಧಾರಣ ಆಟ, ಇನ್ನೊಂದು ಕಡೆ ಪಂದ್ಯದ ಆಟ. ಬಣ್ಣ ಹೇಳಿ ಗಜ ಹೇಳದಿದ್ದರೆ ಏನೂ ಹೇಳಿದ ಹಾಗಲ್ಲ. ಇನ್ನು ನ್ಯೂಯಾರ್ಕಿನ ಬೆತ್‌ಪೇಜ್‌ನಲ್ಲಂತೂ ಕಪ್ಪು, ಕೆಂಪು, ನೀಲಿ, ಹಸಿರು, ಹಳದಿ ಅನ್ನುವುದು ಐದು ಬೇರೆ ಬೇರೆ ಕೋರ್ಸುಗಳ, ಅಂದರೆ ಗಾಲ್ಫ್ ಮೈದಾನಗಳ, ಹೆಸರು. ಅಲ್ಲಿ "ಕೆಂಪು ಆಡಿದೆ" ಅಂದವರನ್ನು ನೋಡಿ ನಕ್ಕರೆ ನಕ್ಕವರೇ ಪೆದ್ದರು.

ಹಾಗಾದರೆ ಲೇಡೀಸ್ ಎಲ್ಲಿಂದ ಬಂತು? ಕ್ಲಬ್ಬುಗಳು ಬಹಳ ಕಾಲ ಗಂಡಸರಿಗೆ ಎರಡು ಟೀ, ಹೆಂಗಸರಿಗೆ ಒಂದು ಟೀ ಅಂತ ಇಟ್ಟುಕೊಂಡಿದ್ದವು. ಆ ಒಂದು ಮುಂದೆ ಇತ್ತು, ಕೆಂಪಾಗಿತ್ತು. ನಮ್ಮವರಿಗೆ ಇದು ಸಲೀಸಾಗಿ ತಲೆಗೆ ಹತ್ತಿತು. ಸಿಟಿ ಬಸ್ಸಿನಲ್ಲಿ ಮುಂದಿನ ಸೀಟು ಲೇಡೀಸ್ ಅಲ್ವಾ? ಗಂಡಸು ಕೂತರೆ ಎಬ್ಬಿಸುತ್ತಾರೆ. ಗಾಲ್ಫಿನಲ್ಲೂ ಅದೇ ಲೆಕ್ಕ ಅಂದುಕೊಂಡುಬಿಟ್ಟರು. ಇಲ್ಲಿ ಯಾರೂ ಎಬ್ಬಿಸುವುದಿಲ್ಲ ಸ್ವಾಮಿ. ರೇಟಿಂಗ್ ಅಂದರೆ ಆ ಟೀಯಿಂದ ನುರಿತವರಿಗೆ ಎಷ್ಟು ಹೊಡೆತ ಬೇಕಾಗಬಹುದು ಅನ್ನುವ ಅಂದಾಜು. ಒಂದೇ ಟೀಗೆ ಗಂಡಸರ ರೇಟಿಂಗೂ ಹೆಂಗಸರ ರೇಟಿಂಗೂ ಎರಡೂ ಇರಬಹುದು. ಕೆಂಪಿಗೆ ಗಂಡಸರ ರೇಟಿಂಗ್, ನೀಲಿಗೆ ಹೆಂಗಸರ ರೇಟಿಂಗ್, ಯಾವುದಕ್ಕೂ ಅಡ್ಡಿಯಿಲ್ಲ.

ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಹೊಡೆತದಲ್ಲಿ ಕಂಚು ಕಳೆದುಕೊಂಡು ನಾಲ್ಕನೆಯವರಾದರು. ಆ ಕೋರ್ಸಿನ ಉದ್ದ ಹೆಂಗಸರ ಸ್ಪರ್ಧೆಗೆ 6,600 ಗಜದ ಆಸುಪಾಸು. ನಮ್ಮಲ್ಲಿ ಭಾನುವಾರ ಬೆಳಗ್ಗೆ 'ಲೇಡೀಸ್ ಟೀ' ಅಂತ ಮೂಗು ಮುರಿಯುವ ಬಹಳಷ್ಟು ಗಂಡಸರು ಅಷ್ಟು ಉದ್ದ ಆಡುವುದಿಲ್ಲ. ಆಡಿದರೂ ಚೆಂಡು ಹುಡುಕುವುದರಲ್ಲೇ ಬಿಸಿಲೇರುತ್ತದೆ. ಇನ್ನೊಂದು ವಿಷಯ. ಅದಿತಿ ಆ ಮೈದಾನದಲ್ಲಿ ದೂರ ಹೊಡೆಯುವವರ ಸಾಲಿನಲ್ಲಿರಲಿಲ್ಲ. ಅವರನ್ನು ಮೇಲೆ ತಂದದ್ದು ಪಟ್ಟಿಂಗ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕೊನೆಯ ಹೊಡೆತಗಳು.

ಹಾಗಾದರೆ ಟೀ ಆರಿಸುವುದು ಹೇಗೆ? ವಯಸ್ಸು, ಲಿಂಗ, ಮೀಸೆ ಯಾವುದೂ ಬೇಡ. ಅತಿ ದೂರಕ್ಕೆ ಹೊಡೆಯುವ ಕೋಲಾದ ಡ್ರೈವರಿನಲ್ಲಿ ಮಾಮೂಲಾಗಿ ಎಷ್ಟು ದೂರ ಹೋಗುತ್ತದೆ ಅನ್ನುವುದು ಸಾಕು. ಮಾಮೂಲಾಗಿ, ಹೋದ ವರ್ಷ ಗಾಳಿ ಹಿಂದಿನಿಂದ ಬೀಸಿದ ದಿನ ಅಲ್ಲ. 2011ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಗಳಾದ ಪಿಜಿಎ ಮತ್ತು ಯುಎಸ್‌ಜಿಎ ಸೇರಿ 'ಟೀ ಇಟ್ ಫಾರ್ವರ್ಡ್' ಅಂತ ಶುರು ಮಾಡಿದ್ದು ಇದನ್ನೇ. ಅವರ ಲೆಕ್ಕದಲ್ಲಿ 250 ಗಜ ಹೊಡೆಯುವವರಿಗೆ 6,200ರಿಂದ 6,400 ಗಜದ ಕೋರ್ಸು. 225 ಹೊಡೆದರೆ 5,800ರಿಂದ 6,000. 200 ಹೊಡೆದರೆ 5,200ರಿಂದ 5,400.

200 ಗಜದವರು ನೀಲಿಗೆ ಹೋದರೆ ಏನಾಗುತ್ತದೆ ನೋಡಿ. 420 ಗಜದ ಪಾರ್ 4, ಅಂದರೆ ನುರಿತವರು ನಾಲ್ಕು ಹೊಡೆತದಲ್ಲಿ ಮುಗಿಸುವ ಹೋಲು. ಚೆನ್ನಾಗಿ ಹೊಡೆದರೂ 220 ಗಜ ಉಳಿಯಿತು. ದೂರ ಹೊಡೆಯುವ ಇನ್ನೊಂದು ಕೋಲು ಹಿಡಿದದ್ದಾಯಿತು, ಆದರೂ ಕುಳಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್, ಮುಟ್ಟಲಿಲ್ಲ. ಮೂರನೆಯದು ಚಿಪ್ ಅನ್ನುವ ಪುಟ್ಟ ಹೊಡೆತ. ಹೀಗೆ ಹೋಲಿನ ಮೇಲೆ ಹೋಲು. ಅದೇ ಹೋಲು ಮುಂದಿನಿಂದ 340 ಗಜ ಇದ್ದರೆ ಉಳಿಯುವುದು 140. ಈಗ ಗುರಿಯಿಟ್ಟು ಹೊಡೆಯುವ ಐರನ್ ಕೋಲು ಕೈಗೆ ಬಂತು. ಬಂಕರ್ ಅನ್ನುವ ಮರಳುಗುಂಡಿ ಎಲ್ಲಿದೆ, ಬಾವುಟ ಯಾವ ಕಡೆ ಅಂತ ನೋಡಬೇಕಾಗಿ ಬಂತು. ಕೋರ್ಸ್ ಕಟ್ಟಿದವನು ಆಡಿಸಬೇಕು ಅಂದುಕೊಂಡಿದ್ದ ಆಟ ಇದು.

ಮುಂದಿನಿಂದ ಆಡಿದರೆ ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ಅವರು ಹ್ಯಾಂಡಿಕ್ಯಾಪ್ ಅನ್ನು, ಅಂದರೆ ಆಟಗಾರನ ಮಟ್ಟ ನೋಡಿ ಕೊಡುವ ರಿಯಾಯಿತಿ ಹೊಡೆತಗಳನ್ನು, ಒಂದೇ ಅಂಕಿ ಅಂದುಕೊಂಡಿರುತ್ತಾರೆ. ಟೀ ಬದಲಾದರೆ ಸಿಗುವ ಹೊಡೆತಗಳೂ ಬದಲಾಗುತ್ತವೆ. ಪ್ರತಿ ಟೀಗೂ ಕೋರ್ಸ್ ರೇಟಿಂಗ್ ಇದೆ, ಸಾಧಾರಣ ಆಟಗಾರನಿಗೆ ಅದು ಇನ್ನೆಷ್ಟು ಕಷ್ಟ ಅಂತ ಹೇಳುವ ಸ್ಲೋಪ್ ಇದೆ. ಸ್ಲೋಪ್ 55ರಿಂದ 155ರವರೆಗೆ, ಮಧ್ಯಮ 113. ನಿಮ್ಮ ಆಟದ ಮಟ್ಟ ಹೇಳುವ ಅಂಕಿಯಾದ ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗ್ ಪಾರಿಗಿಂತ ಎಷ್ಟು ಹೆಚ್ಚೋ ಅಷ್ಟು ಕೂಡಿಸಬೇಕು, ಕಡಿಮೆಯಿದ್ದರೆ ಕಳೆಯಬೇಕು. ಇಂಡೆಕ್ಸ್ 18, ಪಾರ್ 72 ಅಂತಿಟ್ಟುಕೊಳ್ಳಿ. ನೀಲಿಯ ರೇಟಿಂಗ್ 73.1, ಸ್ಲೋಪ್ 135 ಆದರೆ ನಿಮಗೆ 23 ಹೊಡೆತ. ಬಿಳಿಯ ರೇಟಿಂಗ್ 70.4, ಸ್ಲೋಪ್ 126 ಆದರೆ 18. ಮುಂದೆ ಬಂದದ್ದಕ್ಕೆ ಐದು ಹೊಡೆತ ಕೊಟ್ಟಾಯಿತು. ಇನ್ನೆಲ್ಲಿ ಮೋಸ?

ಇಷ್ಟೆಲ್ಲ ಗೊತ್ತಿದ್ದೂ ಒಂದನೇ ಟೀಯಲ್ಲಿ ನಡೆಯುವುದು ಬೇರೆ. ನಾಲ್ಕು ಜನ ಗಂಡಸರು ನಿಂತಿರುತ್ತಾರೆ. "ಯಾವ ಟೀ ಸಾರ್?" ಅಂತ ಕ್ಯಾಡಿ ಕೇಳುತ್ತಾನೆ. ಒಂದು ಕ್ಷಣ ಎಲ್ಲರೂ ಗ್ಲೌಸ್ ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಯಾರೋ ಒಬ್ಬರು "ನೀಲಿ" ಅನ್ನುತ್ತಾರೆ. ಮಿಕ್ಕ ಮೂವರಿಗೂ ಬೇಡ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ, ಎಷ್ಟೋ ಸಲ.

ಬರೆಯುವವರಿಗೆ ಒಂದು ಮಾತು. ಮುಂದಿನ ಟೀ, ಹಿಂದಿನ ಟೀ ಅಂತ ಬರೆಯಿರಿ. ಕನ್ನಡದ್ದೇ ಪದ, ಗೊಂದಲವೂ ಇಲ್ಲ. ಬಣ್ಣ ಬರೆಯಲೇಬೇಕಾದರೆ ಗಜ ಸೇರಿಸಿ. ಸುಮ್ನೆ ಬಣ್ಣ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಒಂದು ಸ್ಪರ್ಧೆಯಲ್ಲಿ ಬಿಳಿ ಟೀ ಅಂತ ಹೇಳಿದ್ದರು. ಏಳನೇ ಹೋಲಿನಲ್ಲಿ ಮಾತಾಡುತ್ತಾ ಹೋಗಿ ನೀಲಿ ಮಾರ್ಕರುಗಳ ನಡುವೆ ಟೀ ಚುಚ್ಚಿದೆ. ಜೀವಮಾನದ ಡ್ರೈವ್ ಅದು, ಹುಲ್ಲು ಕತ್ತರಿಸಿದ ಹಾದಿ, ಅಂದರೆ ಫೇರ್‌ವೇ, ನಡುಮಧ್ಯೆ ಬಿತ್ತು. ಹಿಂದಿನ ಟೀಯಿಂದ ಹೊಡೆದರೆ ಯಾರಿಗೇನು ನಷ್ಟ ಅನ್ನಬಹುದು. ನಿಯಮ ಹಾಗೆ ನೋಡುವುದಿಲ್ಲ. ಆ ಹೊಡೆತ ಲೆಕ್ಕಕ್ಕಿಲ್ಲ, ಎರಡು ಪೆನಾಲ್ಟಿ, ಮತ್ತೆ ಬಿಳಿಯಿಂದ ಹೊಡೆಯಬೇಕು. ಸರಿಪಡಿಸದೆ ಮುಂದಿನ ಹೋಲು ಶುರು ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ. ಮುಂದೆ ಬಂದು, ಬಿಳಿಯ ನಡುವೆ ನಿಂತು, ಮೂರನೇ ಹೊಡೆತ ಹೊಡೆದೆ. ಚೆಂಡು ಎಡಕ್ಕೆ ತಿರುಗಿ ಮರದೊಳಗೆ ಹೋಯಿತು.