ಬಾಯಿ ಕ್ಯಾನ್ಸರ್ ಪೇಪರ್ ಓದುವಾಗ ಮೊದಲ ಪ್ರಶ್ನೆ: ಅವರು ಅಳೆದದ್ದು ಏನು?

ಹುಬ್ಬಳ್ಳಿ-ಧಾರವಾಡದಲ್ಲಿ ಡೆಂಟಲ್ ಓದುವವರಿಗೆ ಬಾಯಿ ಕ್ಯಾನ್ಸರ್ ಬರೀ ಪುಸ್ತಕದ ಪಾಠ ಅಲ್ಲ. ಗದಗ, ರೋಣ, ಶಿಗ್ಗಾವಿ, ಹಾನಗಲ್ ಕಡೆಯಿಂದ ಬಂದವರು ಓಪಿಡಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ ಸಾಕು, ಅಥವಾ ತೆರೆಯಲಾಗದೆ ನಮ್ಮ ಮುಖ ನೋಡಿದರೆ ಸಾಕು, ಪಾಠ ಶುರುವಾಗುತ್ತದೆ. ಇಡೀ ದೇಶದಲ್ಲಿ 2022ರ ಅಂದಾಜಿನ ಪ್ರಕಾರ ತುಟಿ ಮತ್ತು ಬಾಯಿ ಕ್ಯಾನ್ಸರ್‌ನ ಹೊಸ ರೋಗಿಗಳು ಸುಮಾರು 1.43 ಲಕ್ಷ. ಅದರ ಮೇಲೆ ಬರುವ ಪೇಪರ್‌ಗಳಿಗೂ ಕೊರತೆ ಇಲ್ಲ.

ಪೇಪರ್ ಓದಿ ಚರ್ಚಿಸುವ ಜರ್ನಲ್ ಕ್ಲಬ್‌ಗೆ ಪೇಪರ್ ಕೈಗೆ ಬಂದಾಗ ನಾವು ಔಷಧದ ಹೆಸರು ನೋಡುತ್ತೇವೆ, ಆಮೇಲೆ ನೇರ ಪಿ ವ್ಯಾಲ್ಯೂಗೆ (ಔಷಧಕ್ಕೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಹಾರುತ್ತೇವೆ. ನನ್ನ ಪ್ರಕಾರ ಇವೆರಡಕ್ಕೂ ಮುಂಚೆ ನೋಡಬೇಕಾದ್ದು, ಅಧ್ಯಯನದಲ್ಲಿ ಅಳೆದದ್ದು ಏನು ಅನ್ನೋದು. ಬಾಯಿ ಎಷ್ಟು ಮಿಲಿಮೀಟರ್ ತೆರೆಯಿತು? ಉರಿ ಕಡಿಮೆ ಆಯಿತಾ? ಬಿಳಿ ಮಚ್ಚೆ ಮಾಯವಾಯಿತಾ? ಕ್ಯಾನ್ಸರ್ ಬಂತಾ ಇಲ್ವಾ? ಎಷ್ಟು ಜನ ಸತ್ತರು? ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ. ಗೊಂದಲ ಹುಟ್ಟುವುದೇ ಇಲ್ಲಿ.

ಸಬ್‌ಮ್ಯೂಕಸ್ ಫೈಬ್ರೋಸಿಸ್: ಮಿಲಿಮೀಟರ್ ಲೆಕ್ಕ

ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲು ಕಷ್ಟವಾಗುವ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದಾದ ರೋಗ ಇದು. ನಮ್ಮ ಕಡೆಯ ಥೀಸಿಸ್‌ಗಳಲ್ಲಿ ಹೆಚ್ಚು ಸಿಗೋ ವಿಷಯ ಇದೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ. 1952ರಲ್ಲಿ ಶ್ವಾರ್ಟ್ಸ್ ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಹೆಂಗಸರಲ್ಲಿ ಇದನ್ನು ಗುರುತಿಸಿದರು. 1953ರಲ್ಲಿ ಜೋಶಿ ಭಾರತದ ರೋಗಿಗಳ ಬಗ್ಗೆ ಬರೆದು ಈಗಿನ ಹೆಸರಿಗೆ ದಾರಿ ಮಾಡಿದರು. ಮೂಲ ಕಾರಣ ಅಡಿಕೆ. ಅದರಲ್ಲಿರುವ ಅರೆಕೋಲಿನ್, ಫೈಬ್ರೋಬ್ಲಾಸ್ಟ್ ಕೋಶಗಳಿಂದ ಹೆಚ್ಚು ಕೊಲಾಜೆನ್ (ನಾರಿನಂಥ ಪ್ರೋಟೀನ್) ತಯಾರು ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ಕೆಲಸ ಜಾಸ್ತಿ ಮಾಡಿ, ಆ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಕಟ್ಟುತ್ತದೆ. ಹಾಗೆ ಕಟ್ಟಿದ್ದು ಸುಲಭಕ್ಕೆ ಕರಗುವುದಿಲ್ಲ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ಕೈಗೆ ಸಿಗುತ್ತವೆ.

ಇಲ್ಲಿ ತಂಬಾಕು ಇರಲೇಬೇಕು ಅಂತಿಲ್ಲ. ಅಡಿಕೆಯೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಸೇರಿಸಿತು. ಹಾನಗಲ್ ಕಡೆ, ಆಚೆ ಶಿರಸಿ ಕಡೆ ಅಡಿಕೆ ತೋಟ ಇರುವ ಮನೆಗಳಿಂದ ಬಂದ ಗೆಳೆಯರಿಗೆ ಈ ಮಾತು ಹಿಡಿಸಲ್ಲ, ಗೊತ್ತು. ಪರೀಕ್ಷೆಯಲ್ಲಂತೂ ಉತ್ತರ ಇದೇ.

ಈಗ ಅಳತೆಗೆ ಬರೋಣ. ಮೇಲಿನ ಮತ್ತು ಕೆಳಗಿನ ನಡು ಬಾಚಿಹಲ್ಲುಗಳ ಅಂಚಿನಿಂದ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಇಟ್ಟು ಓದುತ್ತೇವೆ. ಸರಳ ಅನ್ನಿಸುತ್ತದೆ. ಆದರೆ ರೋಗಿ ಮೊದಲ ಸಲ ಹೆದರಿ ಅರ್ಧ ತೆರೆಯುತ್ತಾನೆ, ಎರಡನೇ ಸಲ ‘ಇನ್ನೂ ಸ್ವಲ್ಪ’ ಅಂದರೆ ಒಂದೆರಡು ಮಿಲಿಮೀಟರ್ ಜಾಸ್ತಿ ಬರುತ್ತದೆ. ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ವ್ಯತ್ಯಾಸ ಇರುತ್ತದೆ. ಬಾಚಿಹಲ್ಲು ಬಿದ್ದಿದ್ದರೆ, ದವಡೆ ಕೀಲಿನ ನೋವಿದ್ದರೆ ಲೆಕ್ಕವೇ ಬೇರೆ. ಔಷಧದಿಂದ 3 ಮಿಲಿಮೀಟರ್ ಲಾಭ ಅಂತ ಪೇಪರ್ ಹೇಳಿ, ಅಳೆಯುವವರ ನಡುವಿನ ವ್ಯತ್ಯಾಸವೇ 2 ಮಿಲಿಮೀಟರ್ ಇದ್ದರೆ ಏನು ಉಳಿಯಿತು? ಒಳ್ಳೆ ಪೇಪರ್‌ನಲ್ಲಿ ಅಳೆದವರು ಯಾರು, ಎಷ್ಟು ಸಲ ಅಳೆದರು, ಯಾವ ರೋಗಿ ಯಾವ ಗುಂಪಿನವನು ಅಂತ ಅವರಿಗೆ ಗೊತ್ತಿತ್ತಾ ಅಂತ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಅಲ್ಲೇ ಪೆನ್ಸಿಲ್ ಗುರುತು ಹಾಕಿ.

ಇನ್ನೊಂದು ವಿಷಯ. ಇಂಜೆಕ್ಷನ್ ಗುಂಪಿನ ರೋಗಿ ವಾರಕ್ಕೊಮ್ಮೆ ಬರುತ್ತಾನೆ, ಬೈಸಿಕೊಂಡು ಅಡಿಕೆ ಬಿಡುತ್ತಾನೆ, ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ತುರುಕಿ ಬಾಯಿ ವ್ಯಾಯಾಮ ಮಾಡುತ್ತಾನೆ. ಬಾಯಿ ತೆರೆದದ್ದು ಇಂಜೆಕ್ಷನ್‌ನಲ್ಲಿದ್ದ ಡೆಕ್ಸಾಮೆಥಾಸೋನ್‌ನಿಂದಲಾ, ಹಯಾಲುರೋನಿಡೇಸ್‌ನಿಂದಲಾ, ಕಡ್ಡಿಯಿಂದಲಾ? ಹೋಲಿಕೆಗೆ ಇಟ್ಟ, ಆ ಔಷಧ ಸಿಗದ ಕಂಟ್ರೋಲ್ ಗುಂಪಿನವರಿಗೂ ಅಷ್ಟೇ ಭೇಟಿ, ಅಷ್ಟೇ ಬುದ್ಧಿಮಾತು, ಅಷ್ಟೇ ವ್ಯಾಯಾಮ ಸಿಕ್ಕಿದ್ದರೆ ಮಾತ್ರ ಹೇಳಬಹುದು. ಸೂಜಿ ಚುಚ್ಚಿದ್ದು ರೋಗಿಗೆ ಗೊತ್ತಾಗದಂತೆ ಮಾಡುವುದು ಕಷ್ಟ, ಒಪ್ಪೋಣ. ಕ್ಯಾಲಿಪರ್ ಹಿಡಿದವರಿಗೆ ಗೊತ್ತಾಗದಂತೆ ಮಾಡಬಹುದಲ್ವಾ?

ಉರಿ ಅಳೆಯುವುದು ಇನ್ನೂ ಪಜೀತಿ. ಹಾವೇರಿ, ಗದಗ ಕಡೆಯ ರೋಗಿ ಮೊದಲು ಹೇಳುವ ದೂರು ‘ಖಾರ ತಿನ್ನಾಕ ಆಗವಲ್ದ್ರಿ’ ಅಂತ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ. ರೊಟ್ಟಿ ಜೊತೆ ಅದರ ಚಟ್ನಿಯೂ ಉರಿಯುತ್ತದೆ ಅಂದರೆ ಲಕ್ಷಣವನ್ನು ಗಂಭೀರವಾಗಿ ತಗೊಳ್ಳಿ. ಪೇಪರ್‌ನಲ್ಲಿ ಇದನ್ನು 0ಯಿಂದ 10ರ ಗೆರೆಯ ಮೇಲೆ ಗುರುತು ಹಾಕಿಸಿ ಅಳೆಯುತ್ತಾರೆ. ಗೆರೆ ಕೊಟ್ಟರೆ ವಯಸ್ಸಾದವರು ಅದನ್ನೂ ನೋಡುತ್ತಾರೆ, ನಮ್ಮನ್ನೂ ನೋಡುತ್ತಾರೆ. ಬಾಯಿಮಾತಲ್ಲಿ ಕೇಳಿದರೆ ‘ಎಂಟಾಣೆ ಕಮ್ಮಿ ಆಗೇತ್ರಿ’ ಅಂತ ಥಟ್ಟನೆ ಹೇಳುತ್ತಾರೆ. ಅದನ್ನು ನಾವೇ 5 ಅಂತ ಬರೆದುಕೊಂಡರೆ ಅದು ರೋಗಿಯ ಅಳತೆ ಅಲ್ಲ, ನಮ್ಮ ಅಳತೆ. ಯಾವ ರೀತಿ ಕೇಳುತ್ತೇವೋ ಅದನ್ನು ಮೊದಲೇ ಗೊತ್ತು ಮಾಡಿ, ಪ್ರತಿ ಭೇಟಿಯಲ್ಲೂ ಅದೇ ಮಾತಲ್ಲಿ, ಆದಷ್ಟು ಅದೇ ವ್ಯಕ್ತಿಯಿಂದ ಕೇಳಿಸಬೇಕು.

ಇಷ್ಟೆಲ್ಲ ಸರಿ ಮಾಡಿದರೂ ದೊಡ್ಡ ಪ್ರಶ್ನೆ ಹಾಗೇ ಇರುತ್ತದೆ. ಕ್ಯಾನ್ಸರ್ ತಪ್ಪಿತಾ? ಎರ್ನಾಕುಲಂನ ರೋಗಿಗಳನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೈಬ್ರೋಸಿಸ್ ಇದ್ದವರ ಪೈಕಿ ಶೇ 7.6 ಜನರಿಗೆ ಕ್ಯಾನ್ಸರ್ ಬಂತು. ಅದೇ ವೇಗ ಹಿಡಿದು ಲೆಕ್ಕ ಹಾಕಿ: 60 ಜನರನ್ನು 3 ತಿಂಗಳು ನೋಡಿದರೆ ಒಬ್ಬರಿಗೂ ಕ್ಯಾನ್ಸರ್ ಕಾಣಿಸದೇ ಇರೋದೇ ಸಹಜ, ಔಷಧ ಕೊಟ್ಟರೂ ಅಷ್ಟೇ, ಸುಮ್ನೆ ಸಕ್ಕರೆ ಗುಳಿಗೆ ಕೊಟ್ಟರೂ ಅಷ್ಟೇ. ಹಾಗಾಗಿ 3 ತಿಂಗಳ ಲೈಕೋಪೀನ್ (ಟೊಮೆಟೊದ ಕೆಂಪು ಬಣ್ಣದ ಅಂಶ) ಪೇಪರ್ ಹಿಡಿದು ‘ಕ್ಯಾನ್ಸರ್ ತಡೆಯುತ್ತದೆ’ ಅಂತ ಸೆಮಿನಾರ್‌ನಲ್ಲಿ ಹೇಳಬೇಡಿ.

ಮಚ್ಚೆ ಹೋಯಿತು, ಅಪಾಯ ಹೋಯಿತಾ?

ಬಾಯೊಳಗೆ ಬಿಳಿ ಮಚ್ಚೆ ಏಳುವ, ಕ್ಯಾನ್ಸರ್‌ಗೆ ತಿರುಗಬಹುದಾದ ಲ್ಯುಕೋಪ್ಲೇಕಿಯಾದಲ್ಲಿ ಇದು ಇನ್ನೂ ಸ್ಪಷ್ಟ. 1986ರಲ್ಲಿ ಹಾಂಗ್ ಮತ್ತು ಸಂಗಡಿಗರು 44 ರೋಗಿಗಳ ಪ್ರಯೋಗ ಪ್ರಕಟಿಸಿದರು. ಐಸೋಟ್ರೆಟಿನಾಯಿನ್ ಎಂಬ ಔಷಧ ತಗೊಂಡ 24 ಜನರಲ್ಲಿ 16 ಜನರ ಮಚ್ಚೆ ಚೆನ್ನಾಗಿ ಕುಗ್ಗಿತು. ಪ್ಲಾಸಿಬೋ (ಔಷಧ ಇಲ್ಲದ ಗುಳಿಗೆ) ತಗೊಂಡ 20 ಜನರಲ್ಲಿ ಬರೀ 2. ಇದಕ್ಕಿಂತ ಚಂದದ ಫಲಿತಾಂಶ ಬೇಕಾ? ಆದರೆ ಔಷಧ ನಿಲ್ಲಿಸಿದ 2-3 ತಿಂಗಳಲ್ಲಿ ಕುಗ್ಗಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಚ್ಚೆ ವಾಪಸ್ ಬಂತು. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2016ರ ಕೊಕ್ರೇನ್ ವಿಮರ್ಶೆಯೂ ಇದನ್ನೇ ಹೇಳಿತು: ಕೆಲವು ಚಿಕಿತ್ಸೆಗಳಿಂದ ಮಚ್ಚೆ ಗುಣವಾಗುತ್ತದೆ, ಆದರೆ ಕ್ಯಾನ್ಸರ್ ತಡೆಯುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ.

ಯಾಕೆ ಹೀಗೆ? 1953ರಲ್ಲಿ ಸ್ಲಾಟರ್ ಕೊಟ್ಟ ವಿವರಣೆ ಈಗಲೂ ಉಪಯೋಗಕ್ಕೆ ಬರುತ್ತದೆ. ತಂಬಾಕು ತಾಗಿದ್ದು ಮಚ್ಚೆ ಇರುವ ಜಾಗಕ್ಕೆ ಮಾತ್ರ ಅಲ್ಲ, ಬಾಯಿಯ ಇಡೀ ಒಳಪದರಕ್ಕೆ. ಹೊಲದಲ್ಲಿ ಒಂದು ಕಡೆ ಕರಿಕೆ ಕಿತ್ತರೆ ಇನ್ನೊಂದು ಕಡೆ ಏಳುವಂತೆ, ನೋಡಲು ಚೆನ್ನಾಗಿರುವ ಕೆನ್ನೆಯಿಂದಲೂ ಗಡ್ಡೆ ಏಳಬಹುದು.

ಇದರ ಪಕ್ಕ 2016ರ ಎರ್ಲೋಟಿನಿಬ್ ಎಂಬ ಔಷಧದ ಪ್ರಯೋಗವನ್ನು ಇಟ್ಟು ಓದಿ. ಅಲ್ಲಿ ಮಚ್ಚೆಯನ್ನು ಬಿಟ್ಟು ನೇರ ಕ್ಯಾನ್ಸರ್ ಬಂತಾ ಅಂತ ಎಣಿಸಿದರು. ಜೀನ್ ಪರೀಕ್ಷೆಯಲ್ಲಿ ಅಪಾಯ ಹೆಚ್ಚು ಅಂತ ಕಂಡ 150 ಜನರನ್ನು ಎರಡು ಗುಂಪು ಮಾಡಿದರು. 3 ವರ್ಷಕ್ಕೆ ಕ್ಯಾನ್ಸರ್ ಬರದೆ ಉಳಿದವರು ಔಷಧದ ಗುಂಪಿನಲ್ಲಿ ಶೇ 70, ಪ್ಲಾಸಿಬೋದಲ್ಲಿ ಶೇ 74. ಔಷಧ ಸೋತಿತು, ಆದರೆ ಪ್ರಯೋಗ ಗೆದ್ದಿತು ಅಂತ ನಾನು ಹೇಳುತ್ತೇನೆ. ಸರಿಯಾದದ್ದನ್ನು ಅಳೆದರು, ಉತ್ತರ ಸಿಕ್ಕಿತು.

ಸಾವನ್ನೇ ಎಣಿಸಿದ ತಿರುವನಂತಪುರದ ಅಧ್ಯಯನ

ಸ್ಕ್ರೀನಿಂಗ್ (ರೋಗಲಕ್ಷಣ ಕಾಣುವ ಮೊದಲೇ ಜನರನ್ನು ಪರೀಕ್ಷಿಸುವುದು) ಬಗ್ಗೆ ಒಂದೇ ಪೇಪರ್ ಓದಲು ಸಮಯ ಇದ್ದರೆ 2005ರ ಲ್ಯಾನ್ಸೆಟ್ ಜರ್ನಲ್‌ನ ಇದನ್ನೇ ಓದಿ. ತಿರುವನಂತಪುರ ಜಿಲ್ಲೆಯಲ್ಲಿ 13 ಕ್ಲಸ್ಟರ್ (ಒಂದೊಂದು ಪ್ರದೇಶದ ಜನರ ಗುಂಪು), 35 ದಾಟಿದ ಸುಮಾರು 1.9 ಲಕ್ಷ ಜನ. 7 ಕ್ಲಸ್ಟರ್‌ಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಕಣ್ಣಿಂದಲೇ ಬಾಯಿ ನೋಡಿದರು. ಅವರು ಡಾಕ್ಟರ್‌ಗಳಲ್ಲ. ಉಳಿದ 6 ಕ್ಲಸ್ಟರ್‌ಗಳಲ್ಲಿ ಎಂದಿನ ವ್ಯವಸ್ಥೆ.

ಬದುಕಿದ ವರ್ಷಗಳನ್ನು ಎಣಿಸುವುದು ಬಿಟ್ಟು ಸಾವನ್ನೇ ಯಾಕೆ ಎಣಿಸಬೇಕಿತ್ತು? ಲಕ್ಷ್ಮೇಶ್ವರದ ಇಬ್ಬರಿಗೆ ಒಂದೇ ದಿನ ರೋಗ ಶುರುವಾಗಿ, ಇಬ್ಬರೂ 2030ರಲ್ಲಿ ತೀರಿಕೊಳ್ಳುತ್ತಾರೆ ಅಂದುಕೊಳ್ಳಿ. ಒಬ್ಬರಿಗೆ ಶಿಬಿರದಲ್ಲಿ 2024ಕ್ಕೇ ಗೊತ್ತಾಯಿತು, ಇನ್ನೊಬ್ಬರಿಗೆ ನೋವು ಬಂದಮೇಲೆ 2028ಕ್ಕೆ. ಕಾಗದದ ಮೇಲೆ ಮೊದಲನೆಯವರು 6 ವರ್ಷ ಬದುಕಿದರು, ಎರಡನೆಯವರು 2 ವರ್ಷ. ನಿಜದಲ್ಲಿ ಒಂದು ದಿನವೂ ಹೆಚ್ಚಾಗಿಲ್ಲ. ಇದೇ ಲೀಡ್ ಟೈಮ್ ಬಯಾಸ್. ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಫಲಿತಾಂಶ: ಸ್ಕ್ರೀನಿಂಗ್ ಕಡೆ ಬಾಯಿ ಕ್ಯಾನ್ಸರ್‌ನಿಂದ 77 ಸಾವು, ಇನ್ನೊಂದು ಕಡೆ 87. ಎರಡು ಕಡೆಯ ಸಾವಿನ ದರದ ಒಟ್ಟಾರೆ ಅನುಪಾತ 0.79, ಅದರ ವಿಶ್ವಾಸ ವ್ಯಾಪ್ತಿ (ನಿಜವಾದ ಅನುಪಾತ ಇರಬಹುದಾದ ಮಿತಿ) 0.51ರಿಂದ 1.22. ವ್ಯಾಪ್ತಿಯೊಳಗೆ 1 (ಅಂದರೆ ವ್ಯತ್ಯಾಸವೇ ಇಲ್ಲ) ಕೂತಿದೆ, ಹಾಗಾಗಿ ಎಲ್ಲರಿಗೂ ಲಾಭ ಅಂತ ಖಚಿತ ಹೇಳಲಾಗದು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಮಾತ್ರ ಸಾವು ಶೇ 34 ಕಡಿಮೆ, ಅಂದರೆ ಅನುಪಾತ 0.66, ವ್ಯಾಪ್ತಿ 0.45ರಿಂದ 0.95. ಹಳ್ಳಿ ಶಿಬಿರ ಮಾಡುವಾಗ ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಲೆಕ್ಕ ತುಂಬಿಸುವ ಬದಲು ಪಾನ್ ಅಂಗಡಿ ಮುಂದೆ ಯಾಕೆ ಟೇಬಲ್ ಹಾಕಬೇಕು ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಡ. ಅದೇ ಪೇಪರ್‌ನ ಇನ್ನೊಂದು ಅಂಕಿ: ತೊಂದರೆ ಕಂಡು ಮುಂದಿನ ಪರೀಕ್ಷೆಗೆ ಕಳಿಸಿದವರಲ್ಲಿ ನಿಜವಾಗಿ ಹೋದವರು ಶೇ 63 ಮಾತ್ರ.

ಶಸ್ತ್ರಚಿಕಿತ್ಸೆಯಲ್ಲಿ 2015ರ ಟಾಟಾ ಮೆಮೋರಿಯಲ್ ಪ್ರಯೋಗ ಗೊತ್ತಿರಲೇಬೇಕು. ಗಡ್ಡೆ ಚಿಕ್ಕದು, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ. ಈಗಲೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆಯಬೇಕಾ, ಗಂಟು ಕಂಡಮೇಲೆ ತೆಗೆದರೆ ಸಾಕಾ? 3 ವರ್ಷಕ್ಕೆ ಬದುಕಿದ್ದವರು ಈಗಲೇ ತೆಗೆದ ಗುಂಪಿನಲ್ಲಿ ಶೇ 80, ಕಾದ ಗುಂಪಿನಲ್ಲಿ ಶೇ 67.5. ವ್ಯತ್ಯಾಸ 12.5. ನೂರನ್ನು ಅದರಿಂದ ಭಾಗಿಸಿ: 8 ಜನರಿಗೆ ಮೊದಲೇ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ. ಒಂದು ಎಚ್ಚರಿಕೆ: ಗಡ್ಡೆಯ ಹಂತ ಹೇಳುವ ಟಿ1, ಟಿ2 ಅಂದರೆ ಆಗ ಅಗಲದ ಲೆಕ್ಕ. 2018ರಿಂದ ಬಳಕೆಗೆ ಬಂದ ಎಂಟನೇ ಆವೃತ್ತಿಯ ಸ್ಟೇಜಿಂಗ್‌ನಲ್ಲಿ ಆಳವೂ ಸೇರಿದೆ. ಹಳೆ ಟಿ1 ಈಗ ಟಿ2 ಆಗಿರಬಹುದು.

2023ರ ಕಡಿಮೆ ಡೋಸ್ ನಿವೊಲುಮ್ಯಾಬ್ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧ) ಪೇಪರ್ ಬಗ್ಗೆ ಒಂದೇ ಮಾತು. ತಲೆ-ಕುತ್ತಿಗೆ ಕ್ಯಾನ್ಸರ್‌ನ 151 ರೋಗಿಗಳಲ್ಲಿ 3 ವಾರಕ್ಕೆ 20 ಮಿಲಿಗ್ರಾಂ ಸೇರಿಸಿದಾಗ ಒಂದು ವರ್ಷ ಬದುಕಿದವರು ಶೇ 16.3ರಿಂದ 43.4ಕ್ಕೆ ಏರಿದರು. ನಿಜಕ್ಕೂ ದೊಡ್ಡ ಸುದ್ದಿ. ಆದರೆ ಅವರು ಹೋಲಿಸಿದ್ದು ಬಾಯಿಂದ ಕೊಡುವ ಮೂರು ಔಷಧಗಳ ಜೊತೆ. ಪೂರ್ತಿ ಡೋಸ್ ಜೊತೆ ಹೋಲಿಸಿಲ್ಲ.

ನಮ್ಮದೇ ಥೀಸಿಸ್ ಮಾಡುವಾಗ

ಚಟದ ಇತಿಹಾಸವೂ ಒಂದು ಅಳತೆಯೇ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧ ಆಯಿತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗೈಯಲ್ಲಿ ಸುರಿದು ಕಲಸಿ ಬಾಯಿಗೆ ಹಾಕುವವರು ‘ಗುಟ್ಕಾ ತಿನ್ನತೀರೇನ್ರಿ?’ ಅಂದರೆ ‘ಇಲ್ರಿ’ ಅನ್ನುತ್ತಾರೆ. ಸುಳ್ಳಲ್ಲ. ನಮ್ಮ ಫಾರಂನಲ್ಲಿ ಮಾತ್ರ ತಪ್ಪು ಕಾಲಂಗೆ ಟಿಕ್ ಬೀಳುತ್ತದೆ. ದಿನಕ್ಕೆ ಎಷ್ಟು ಚೀಟಿ, ಯಾವ ಕೆನ್ನೆಯಲ್ಲಿ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ, ಉಗಿಯುತ್ತಾರಾ ನುಂಗುತ್ತಾರಾ, ರಾತ್ರಿ ಬಾಯಲ್ಲಿಟ್ಟೇ ಮಲಗುತ್ತಾರಾ ಅಂತ ಬಿಡಿಸಿ ಕೇಳಿ. ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಲ್ಲಿಗೆ ಹಚ್ಚುವ ಅಜ್ಜಿಯರು ಅದನ್ನು ಚಟ ಅಂತ ಲೆಕ್ಕಕ್ಕೇ ಹಿಡಿಯಲ್ಲ.

ಯಾವುದೇ ಪ್ರಯೋಗ ಓದುವಾಗ ಅದರ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ) ನಂಬರ್ ಹುಡುಕಿ. ನಮ್ಮ ದೇಶದ ಈ ನೋಂದಣಿ 2007ರಲ್ಲಿ ಶುರುವಾಗಿ, 2009ರ ಜೂನ್ 15ರಿಂದ ಕಡ್ಡಾಯವಾಯಿತು. ಏನನ್ನು ಮುಖ್ಯವಾಗಿ ಅಳೆಯುತ್ತೇವೆ ಅಂತ ಶುರುವಿನಲ್ಲೇ ಅಲ್ಲಿ ಬರೆದಿರುತ್ತಾರೆ. ಅಲ್ಲಿ ಬಾಯಿ ತೆರೆಯುವುದು ಅಂತಿದ್ದು, ಪೇಪರ್‌ನಲ್ಲಿ ಉರಿ ಮುಂದೆ ಬಂದಿದ್ದರೆ ಯಾಕೆ ಬದಲಾಯಿತು ಅಂತ ಕೇಳುವ ಹಕ್ಕು ನಿಮಗಿದೆ.

ಕೊನೆಗೆ, ಬಾರದೆ ಉಳಿದವರ ಲೆಕ್ಕ. ಮುಂಗಾರು ಬಿತ್ತನೆ ಶುರುವಾದರೆ, ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಫಾಲೋಅಪ್ ಖಾಲಿ. ಬಾಯಿ ಚೆನ್ನಾಗಿ ತೆರೆದವನಿಗೆ ಬರುವ ಅಗತ್ಯವಿಲ್ಲ, ಏನೂ ಪ್ರಯೋಜನ ಕಾಣದವನಿಗೆ ಬರುವ ಮನಸ್ಸಿಲ್ಲ. ನಡುವಿನವರನ್ನಷ್ಟೇ ಅಳೆದು ಸರಾಸರಿ ತೆಗೆದರೆ ಅದು ಯಾರ ಸರಾಸರಿಯೂ ಅಲ್ಲ. ಬಿಟ್ಟುಹೋದವರು ಯಾವ ಗುಂಪಿನಿಂದ ಎಷ್ಟು ಅಂತ ಥೀಸಿಸ್‌ನಲ್ಲಿ ಬರೆಯಲೇಬೇಕು. ಅದಕ್ಕಿಂತ ಮೊದಲು, ಹಾನಗಲ್‌ನಿಂದ ಒಂದು ದಿನದ ಕೂಲಿ ಬಿಟ್ಟು ಬರುವವರ ಬಸ್ ಖರ್ಚನ್ನು ಪ್ರೋಟೋಕಾಲ್‌ನ ಬಜೆಟ್‌ನಲ್ಲೇ ಸೇರಿಸಿ, ಎಥಿಕ್ಸ್ ಕಮಿಟಿಗೆ ಕೊಡುವ ಮುಂಚೆ.