ಬಳ್ಳಿ ನಮ್ಮದು, ಮರ ಯಾರದ್ದೋ

ಕಕ್ಕಡ, ಅಂದರೆ ಕೊಡವರ ಮಳೆಗಾಲದ ತಿಂಗಳು, ಅದರ ಮಳೆ. ಮೂರು ದಿನದಿಂದ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಮದ್ದುಸೊಪ್ಪಿನ ಬಗ್ಗೆ ಒಂದು ಚಿಕ್ಕ ವಿಡಿಯೋ ಮಾಡೋಣ ಅಂತ ಹೊರಟಿದ್ದೆ. ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಕೊಡಗಿನ ಮನೆಗಳಲ್ಲಿ ಆ ಸೊಪ್ಪು ಬೇಯಿಸಿ, ನೇರಳೆ ಬಣ್ಣದ ರಸ ತೆಗೆದು ಪಾಯಸ ಮಾಡುತ್ತಾರಲ್ವಾ, ಅದರ ಬಗ್ಗೆ. 2006ರಲ್ಲಿ ಊರಿನ ಹಿರಿಯರೊಬ್ಬರ ಎದುರು ಕೂತು, ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡಿಟ್ಟಿದ್ದೆ. ಹಳೇ ಸಿಡಿಯೊಂದರಲ್ಲಿ ಆ ಫೈಲ್ ಸಿಕ್ಕಿತು. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ತಲೆಯ ಮೇಲೆ ಕೊಂಬು, ಚುಕ್ಕಿ, ಟೋಪಿ ಹಾಕಿಕೊಂಡ ಯುರೋಪಿನ ಅಕ್ಷರಗಳು. ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು.

ಫೈಲ್ ಕೆಟ್ಟಿರಲಿಲ್ಲ. ಅದರ ಒಂದು ಬಿಟ್ ಕೂಡ ಅಳಿಸಿರಲಿಲ್ಲ. ಅದನ್ನು ಓದಬೇಕಾದ ಸಾಫ್ಟ್‌ವೇರ್ ಮಾತ್ರ ಮುಂದಕ್ಕೆ ಹೋಗಿಬಿಟ್ಟಿತ್ತು.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆಗೆಲ್ಲ ಒಂದು ಅಕ್ಷರಕ್ಕೆ ಒಂದು ಬೈಟ್. ಒಟ್ಟು 256 ಮನೆ. ಅಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮೊದಲೇ ಬಂದು ಕೂತಿದ್ದವು. ಕನ್ನಡಕ್ಕೆ ಜಾಗ ಎಲ್ಲಿ? ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಮಾಡಿದವರು ಒಂದು ಜಾಣ ಉಪಾಯ ಹುಡುಕಿದರು. ಕನ್ನಡ ಅಕ್ಷರವನ್ನು ತುಂಡು ಮಾಡಿ, ಮೈ ಬೇರೆ, ತಲಕಟ್ಟು ಬೇರೆ, ಒತ್ತು ಬೇರೆ ಅಂತ ಅದೇ ಮನೆಗಳಲ್ಲಿ ಕೂರಿಸಿದರು. ನುಡಿಯಲ್ಲಿ ಪೌಂಡಿನ ಮನೆಗೆ ‘ನ’ದ ಮೈ ಬಂತು. ಫಾಂಟ್ ಇದ್ದರೆ ಅದು ನಕಾರ, ಇಲ್ಲದಿದ್ದರೆ ಪೌಂಡ್. ತಾನು ಕನ್ನಡ ಅನ್ನುವುದು ಫೈಲಿಗೇ ಗೊತ್ತಿಲ್ಲ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಅವರು ಹಾಗೆ ಮಾಡದಿದ್ದರೆ ಆ ಕಾಲದಲ್ಲಿ ನಾವು ಕನ್ನಡ ಟೈಪ್ ಮಾಡುತ್ತಲೇ ಇರಲಿಲ್ಲ.

ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡ್ ಬಂದ ಮೇಲೆ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ವಂತ ಮನೆಗಳು ಸಿಕ್ಕವು. ಈಗ ‘ಅಕ್ಕ’ ಅಂದರೆ 3205, 3221, 3277, 3221. ಮೊದಲು ಅ, ಆಮೇಲೆ ಕ, ಅರ್ಧಾಕ್ಷರದ ಗುರುತು, ಮತ್ತೆ ಕ. ಒತ್ತಿಗೆ ಬೇರೆ ಮನೆಯೇ ಇಲ್ಲ. ಒತ್ತು ಬರೆಯುವುದು ತೆರೆಯ ಮೇಲೆ ತೋರಿಸುವ ಹೊತ್ತಿನ ಕೆಲಸ. ಯಾವ ಫೋನಿನಲ್ಲಿ ತೆರೆದರೂ ಅಕ್ಕ ಅಕ್ಕನೇ.

ಕೊಡಗಿನವರಿಗೆ ಈ ಫೈಲಿನ ಕಥೆ ಅರ್ಥ ಮಾಡಿಸುವುದು ಸುಲಭ. ಕಾಳುಮೆಣಸಿನ ಬಳ್ಳಿ ಸ್ವಂತ ಕಾಲಿನ ಮೇಲೆ ನಿಲ್ಲುವುದಿಲ್ಲ. ತೋಟದಲ್ಲಿ ಅದನ್ನು ಹಾಲುವಾಣಕ್ಕೋ ಸಿಲ್ವರ್ ಓಕ್‌ಗೋ ಹಬ್ಬಿಸುತ್ತೇವೆ. ಸುಮಾರು 20 ವರ್ಷದ ಹಿಂದೆ ಗಂಟು ಕಣಜ ಎಂಬ ಕೀಟ ಬಂದು ದಕ್ಷಿಣ ಭಾರತದ ಹಾಲುವಾಣಗಳಿಗೆ ಹೊಡೆತ ಕೊಟ್ಟಿತಲ್ಲ, ಆಗ ಬಳ್ಳಿಗೆ ಯಾವ ರೋಗವೂ ಇರಲಿಲ್ಲ. ಆದರೂ ಮರ ಸತ್ತ ಕಡೆ ಬಳ್ಳಿ ನೆಲಕ್ಕೆ ಬಂತು. ಒಂಟಿಯಾಗಿ ವಿಡಿಯೋ, ಹಾಡು, ಆಟ, ಪಾಠ ಮಾಡಿ ಇಂಟರ್ನೆಟ್‌ಗೆ ಹಾಕುವವರ ಪಾಡೂ ಇದೇ. ಬಳ್ಳಿ ನಮ್ಮದು, ಹಬ್ಬಿದ ಮರ ಬೇರೆಯವರದ್ದು.

ಫ್ಲ್ಯಾಶ್ ಎಂಬ ತಂತ್ರಾಂಶ ಅಂಥ ಒಂದು ಮರ. ಒಂದು ಕಾಲಕ್ಕೆ ಇಂಟರ್ನೆಟ್‌ನಲ್ಲಿ ಕುಣಿಯುವ, ಆಡುವ ವಸ್ತುವೆಲ್ಲ ಹೆಚ್ಚುಕಡಿಮೆ ಫ್ಲ್ಯಾಶೇ. ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಭದ್ರತೆಯ ತೂತುಗಳೂ ಜಾಸ್ತಿ ಇದ್ದವು. 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. 2021ರ ಜನವರಿ 12ರಿಂದ ಆ ಪ್ಲೇಯರ್ ಏನನ್ನೂ ತೋರಿಸದ ಹಾಗಾಯಿತು. ಜಗತ್ತಿನ ಎಷ್ಟೋ ಹವ್ಯಾಸಿಗಳ ಕೆಲಸ ಒಮ್ಮೆಲೇ ಮಲಗಿತು. ಆಮೇಲೆ ರಫಲ್ ಎಂಬ ಉಚಿತ ಎಮ್ಯುಲೇಟರ್ ಎಷ್ಟೋ ಫೈಲ್‌ಗಳನ್ನು ಎಬ್ಬಿಸಿತು. ಹೊಸ ಯಂತ್ರದೊಳಗೆ ಹಳೇ ಯಂತ್ರದ ವೇಷ ಹಾಕಿ ಕೂರುವುದೇ ಎಮ್ಯುಲೇಟರ್ ಕೆಲಸ.

ಇದೆಲ್ಲ ಕಂಪನಿಗಳ ದುರಾಸೆ ಅಂತ ಬೈದು ಸುಮ್ಮನಾಗಬಹುದು. ದುರಾಸೆಯೂ ಸ್ವಲ್ಪ ಇದೆ ಬಿಡಿ. ಆದರೆ ಇದರ ಹಿಂದೆ ಒಂದು ನಿಯಮವೂ ಇದೆ. ಮೈರ್ ಲೇಮನ್ ಎಂಬ ವಿಜ್ಞಾನಿ ಐಬಿಎಂನ ಓಎಸ್/360 ಎಂಬ ದೊಡ್ಡ ತಂತ್ರಾಂಶ ವರ್ಷವರ್ಷಕ್ಕೆ ಹೇಗೆ ಬೆಳೆಯಿತು ಅಂತ ನೋಡಿದರು. 1974ರಲ್ಲಿ ಅವರು ಹೇಳಿದ್ದು ಇಷ್ಟು: ಜನರ ಬದುಕಿನಲ್ಲಿ ಬಳಕೆಯಾಗುವ ತಂತ್ರಾಂಶವನ್ನು ಬದಲಾಯಿಸುತ್ತಲೇ ಇರಬೇಕು, ಇಲ್ಲದಿದ್ದರೆ ಅದರ ಉಪಯೋಗ ಕಡಿಮೆಯಾಗುತ್ತಾ ಹೋಗುತ್ತದೆ. ಬದಲಾಯಿಸುತ್ತಾ ಹೋದರೆ ಅದು ಗೋಜಲಾಗುತ್ತದೆ, ಗೋಜಲು ಬಿಡಿಸಲು ಬೇರೆಯೇ ಕೆಲಸ ಮಾಡಬೇಕು. ನೆರಳಿನ ಮರಗಳ ಕೊಂಬೆ ಸವರಿ ಕಪಾತು ಮಾಡದೆ ನಾಲ್ಕು ಮಳೆಗಾಲ ಬಿಟ್ಟ ತೋಟ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಕಪಾತು ಮಾಡುವವರು ಮರದ ಲೆಕ್ಕ ನೋಡುತ್ತಾರೆ. ಕೊಂಬೆಯ ಜೊತೆ ಬಿದ್ದ ಬಳ್ಳಿಯ ಲೆಕ್ಕ ಬಳ್ಳಿಯವನ ತಲೆಗೆ. ನನ್ನ ತಕರಾರು ಇರುವುದು ಇಲ್ಲಿ.

ಒಂದು ಬದಲಾವಣೆ ಇನ್ನೊಂದನ್ನು ಎಳೆದುಕೊಂಡು ಬರುವುದು ಇನ್ನೂ ತಲೆನೋವು. ಕಳೆದ ವರ್ಷ ಹೊಸ ಫೋನ್ ತಗೊಂಡೆ. ಅದು ವಿಡಿಯೋವನ್ನು ಎಚ್‌ಇವಿಸಿ ಎಂಬ ರೂಪದಲ್ಲಿ ಉಳಿಸುತ್ತದೆ. 2003ರ ಎಚ್.264 ಎಂಬ ಹಳೇ ರೂಪ ಚಿತ್ರವನ್ನು 16×16 ಚುಕ್ಕಿಗಳ ಚೌಕಗಳಾಗಿ ಹಂಚುತ್ತಿತ್ತು. 2013ರಲ್ಲಿ ಬಂದ ಎಚ್‌ಇವಿಸಿ 64×64ರವರೆಗೂ ಹೋಗುತ್ತದೆ. ಮಡಿಕೇರಿಯ ರಾಜಾಸೀಟಿನಿಂದ ಮಂಜು ಚಿತ್ರೀಕರಿಸಿದರೆ ಮುಕ್ಕಾಲು ಭಾಗ ಬರೀ ಬೂದುಬಣ್ಣ. ದೊಡ್ಡ ಚೌಕವೊಂದಕ್ಕೆ ‘ಇಲ್ಲೆಲ್ಲ ಬೂದು’ ಅಂದರೆ ಮುಗಿಯಿತು. ಮಳೆಗೆ ಅಲ್ಲಾಡುವ ಎಲೆ ಬಂದರೆ ಮಾತ್ರ ಚೌಕ ಚಿಕ್ಕದಾಗುತ್ತದೆ. ಅದೇ ಗುಣಮಟ್ಟಕ್ಕೆ ಫೈಲ್ ಸುಮಾರು ಅರ್ಧವಾಗಬಹುದು. ನಮ್ಮ ಬಡ ನೆಟ್‌ವರ್ಕ್‌ಗೆ ಇದು ವರವೇ. ಆದರೆ ಉಳಿಸಿದ ಜಾಗಕ್ಕೆ ಲೆಕ್ಕಾಚಾರದಲ್ಲಿ ಬೆಲೆ ಕೊಡಬೇಕು. ಈ ರೂಪ ಬಿಡಿಸುವ ಸರ್ಕ್ಯೂಟ್ ನನ್ನ ಹಳೇ ಕಂಪ್ಯೂಟರ್‌ನಲ್ಲಿ ಇಲ್ಲ. ಎಲ್ಲವನ್ನೂ ಪ್ರೊಸೆಸರ್ ಒಂದೇ ಹೊರಬೇಕು. ವಿಡಿಯೋ ತಡೆತಡೆದು ಓಡಿತು, ಫ್ಯಾನ್ ಕೂಗಿತು. ಎಡಿಟಿಂಗ್ ತಂತ್ರಾಂಶದ ಹೊಸ ಆವೃತ್ತಿಗೆ ಹೊಸ ವಿಂಡೋಸ್ ಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಂದು ಫೋನ್ ಕೊಂಡ ತಪ್ಪಿಗೆ ಕಂಪ್ಯೂಟರ್ ಕೂಡ ಕೊಳ್ಳಬೇಕು, ಅದೂ ಮೆಣಸಿನ ದುಡ್ಡು ಬರುವ ಮೊದಲೇ.

ವಿಡಿಯೋ ಹಾಕುವ ವೇದಿಕೆಗಳ ಆಟ ನಿಮಗೆ ಗೊತ್ತೇ ಇದೆ. ನಿನ್ನೆ ಅಡ್ಡ ವಿಡಿಯೋ, ಇವತ್ತು ಉದ್ದ ವಿಡಿಯೋ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಕೋಲಾಟದ ಇಡೀ ವೃತ್ತವನ್ನು ಉದ್ದ ಚೌಕಟ್ಟಿನಲ್ಲಿ ಹಿಡಿಯಲು ನೋಡಿ, ಬರೀ ಎರಡು ಕೋಲು ಕಾಣುತ್ತವೆ. ನಾನು ಹಾಡಿನ ಧ್ವನಿಮುದ್ರಣ ಇಟ್ಟಿದ್ದ ಒಂದು ತಾಣ ಒಂದು ತಿಂಗಳ ನೋಟಿಸ್ ಕೊಟ್ಟು ಬಾಗಿಲು ಹಾಕಿತು. ಆ ತಿಂಗಳು ನಮ್ಮಲ್ಲಿ ಟವರ್ ಕೆಟ್ಟಿತ್ತು. ಅಷ್ಟೇ ಕಥೆ.

ಈಗ ನಾನು ಬರಹವನ್ನು ಯುನಿಕೋಡಿನ ಸರಳ ಪಠ್ಯವಾಗಿ ಇಡುತ್ತೇನೆ. ಧ್ವನಿಯನ್ನು ವೇವ್ ಫೈಲ್ ಆಗಿ, ಮೂಲ ವಿಡಿಯೋವನ್ನು ಎರಡು ಡಿಸ್ಕ್‌ಗಳಲ್ಲಿ. ಒಂದು ಡಿಸ್ಕ್ ಮೈಸೂರಿನ ತಂಗಿಯ ಮನೆಯಲ್ಲಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ಮೇಲೆ ಎಲ್ಲವನ್ನೂ ಒಂದೇ ಮನೆಯಲ್ಲಿ ಇಡಲು ಧೈರ್ಯವಿಲ್ಲ.

ಮದ್ದುಸೊಪ್ಪಿನ ಫೈಲನ್ನು ಯುನಿಕೋಡಿಗೆ ತಂದೆ. ಪರಿವರ್ತಕಕ್ಕೆ ಅರ್ಕಾವೊತ್ತು ಕಷ್ಟ. ‘ವರ್ಷ’ ಬರೆಯುವಾಗ ಕಣ್ಣಿಗೆ ಮೊದಲು ಷ, ಆಮೇಲೆ ಅರ್ಕಾವೊತ್ತು. ಹಳೇ ಫಾಂಟ್ ಕಂಡ ಹಾಗೇ ಉಳಿಸಿತ್ತು. ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಮೊದಲು ಇಡುತ್ತದೆ. ಹೀಗಾಗಿ ಅರ್ಕಾವೊತ್ತು ಬಂದಲ್ಲೆಲ್ಲ ಹಿಂದೆಮುಂದೆ ಮಾಡಬೇಕು. ಹೆಚ್ಚಿನವನ್ನು ನಾನೇ ಸರಿಮಾಡಿದೆ. ಒಂದು ಗಿಡದ ಹೆಸರು ಮಾತ್ರ ಎಷ್ಟು ತಿರುಗಿಸಿದರೂ ಹೊಂದಲಿಲ್ಲ. ಕೊನೆಗೆ ಆ ಹಿರಿಯರಿಗೇ ಫೋನ್ ಮಾಡಿದೆ. ಒಂದು ಕ್ಷಣವೂ ಯೋಚಿಸದೆ ಹೆಸರು ಹೇಳಿದರು. ಆಮೇಲೆ ಕೇಳಿದರು, “ಅಲ್ಲಿ ಕರೆಂಟ್ ಇದೆಯಾ?”