ಹಳೇ ಗ್ಯಾಸ್ ಫೈರ್‌ಪ್ಲೇಸ್‌ಗೆ ಹೊಸ ರೂಪ: ಕೀಳುವ ಮೊದಲು ಕೆಳಗಿನ ಜಾಲರಿ ತೆಗೆದು ನೋಡಿ

ನ್ಯೂಜೆರ್ಸಿಯಲ್ಲಿ 1990ರ ದಶಕದ ಮನೆ ಕೊಂಡವರಿಗೆ ಈ ಫೈರ್‌ಪ್ಲೇಸ್ ಚೆನ್ನಾಗಿ ಗೊತ್ತು. ಫ್ಯಾಮಿಲಿ ರೂಮಿನ ಗೋಡೆಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಗಾಜಿನ ಸುತ್ತ ಪಳಪಳ ಹೊಳೆಯುವ ಹಿತ್ತಾಳೆ ಪಟ್ಟಿ. ಮೇಲೊಂದು, ಕೆಳಗೊಂದು ಹಿತ್ತಾಳೆ ಜಾಲರಿ. ಅದರ ಸುತ್ತ ಹಸಿರು ಮಾರ್ಬಲ್ಲೋ, ಮಾಸಲು ಬಣ್ಣದ ದೊಡ್ಡ ಟೈಲ್ಸೋ. ಅದರಾಚೆ ಜೇನುಬಣ್ಣದ ಓಕ್ ಮ್ಯಾಂಟಲ್, ಅಂದರೆ ಒಲೆಯ ಮೇಲಿನ ಮರದ ಹಲಗೆ. ಮನೆಗೆ ಹೊಸ ನೆಲ, ಹೊಸ ಅಡುಗೆಮನೆ, ಹೊಸ ಸೋಫಾ ಎಲ್ಲಾ ಬಂದಿರುತ್ತದೆ. ಇದೊಂದು ಮಾತ್ರ ಹಾಗೇ ಉಳಿದಿರುತ್ತದೆ.

ನಾನು ಇಲ್ಲಿ ಮನೆಗಳ ಒಳಾಂಗಣ ನವೀಕರಣದ ಕೆಲಸ ಮಾಡುತ್ತೇನೆ. ನಮ್ಮ ಕನ್ನಡದ ಮನೆಗಳಿಂದ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದನ್ನ ಕಿತ್ತು ಹಾಕಿ ಹೊಸದು ಕೂರಿಸೋಣ, ಎಷ್ಟಾಗುತ್ತೆ?" ಮುಕ್ಕಾಲು ಪಾಲು ಮನೆಗಳಲ್ಲಿ ಕೀಳುವ ಅಗತ್ಯವೇ ಇರುವುದಿಲ್ಲ. ಹಳೆಯದಾಗಿ ಕಾಣುತ್ತಿರುವುದು ಪೆಟ್ಟಿಗೆಯಲ್ಲ, ಅದರ ಸುತ್ತ ಇರುವ ಹಿತ್ತಾಳೆ, ಟೈಲ್ಸ್ ಮತ್ತು ಮರ. ಅವು ಮೂರನ್ನೂ ಬದಲಾಯಿಸಬಹುದು. ಆದರೆ ನೋಡಲು ಅದು ಗೋಡೆಯ ಅಲಂಕಾರವಾದರೂ ಒಳಗಿರುವುದು ಗ್ಯಾಸ್ ಒಲೆ. ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿ ಹೋಗುತ್ತದೆ, ಎಷ್ಟು ದೂರದವರೆಗೆ ಬಿಸಿ ಹರಡುತ್ತದೆ ಅನ್ನುವುದು ಗೊತ್ತಿಲ್ಲದೆ ಅದರ ಮೈ ಮುಟ್ಟಬಾರದು.

ಅದಕ್ಕೇ ಮೊದಲ ಕೆಲಸ ಬಣ್ಣದ ಅಂಗಡಿಗೆ ಹೋಗುವುದಲ್ಲ. ಫೈರ್‌ಪ್ಲೇಸ್ ಆರಿ ತಣ್ಣಗಿರುವಾಗ ಕೆಳಗಿನ ಜಾಲರಿಯನ್ನು ತೆಗೆಯಿರಿ. ಕೆಲವು ಮುಂದಕ್ಕೆ ಬಾಗುತ್ತವೆ, ಕೆಲವು ಎತ್ತಿದರೆ ಬರುತ್ತವೆ. ಟಾರ್ಚ್ ಹಿಡಿದು ಒಳಗೆ ನೋಡಿ. ಒಂದು ಲೋಹದ ತಗಡು ಸಿಗುತ್ತದೆ, ಕೆಲವೊಮ್ಮೆ ಸಣ್ಣ ಸರಪಳಿಯಲ್ಲಿ ನೇತಾಡುತ್ತಿರುತ್ತದೆ. ಅದರ ಮೇಲೆ ಕಂಪನಿ, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಇರುತ್ತವೆ. ಫೋಟೋ ತೆಗೆದುಕೊಳ್ಳಿ. ಆ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಹಳೆಯ ಮ್ಯಾನ್ಯುಯಲ್ ಬಹಳಷ್ಟು ಸಲ ಸಿಕ್ಕೇ ಸಿಗುತ್ತದೆ. ಮರ ಎಷ್ಟು ದೂರ ಇರಬೇಕು, ಮ್ಯಾಂಟಲ್ ಎಷ್ಟು ಎತ್ತರದಲ್ಲಿರಬೇಕು, ಯಾವ ಕಿಂಡಿ ಮುಚ್ಚಬಾರದು ಎಲ್ಲಾ ಅದರಲ್ಲಿದೆ. ನನ್ನ ಮಾತಿಗಿಂತ ಆ ಮ್ಯಾನ್ಯುಯಲ್ ಮಾತು ದೊಡ್ಡದು.

ನಿಮ್ಮ ಮನೆಯಲ್ಲಿರುವುದು ಯಾವ ಬಗೆ ಅನ್ನುವುದೂ ಅಲ್ಲೇ ತಿಳಿಯುತ್ತದೆ. ಗಾಜು ಭದ್ರವಾಗಿ ಮುಚ್ಚಿದ್ದು, ಹೊರಗಿನ ಗೋಡೆಯಲ್ಲಿ ಲೋಹದ ಮುಚ್ಚಳ ಕಾಣುತ್ತಿದ್ದರೆ ಅದು ಡೈರೆಕ್ಟ್ ವೆಂಟ್. ಒಂದರೊಳಗೊಂದು ಕೊಳವೆ ಇರುತ್ತದೆ. ಹೊರಗಿನದರಲ್ಲಿ ಗಾಳಿ ಒಳಗೆ ಬರುತ್ತದೆ, ಒಳಗಿನದರಲ್ಲಿ ಹೊಗೆ ಹೊರಗೆ ಹೋಗುತ್ತದೆ. ಬಿ-ವೆಂಟ್ ಆದರೆ ಕೋಣೆಯ ಗಾಳಿಯನ್ನೇ ಬಳಸಿ ಹೊಗೆಯನ್ನು ಸೂರಿನ ಮೇಲೆ ಬಿಡುತ್ತದೆ. ಇನ್ನೂ ಹಳೆಯ ಮನೆಗಳಲ್ಲಿ ಕಟ್ಟಿಗೆ ಸುಡುವ ಇಟ್ಟಿಗೆಯ ಒಲೆಯೊಳಗೆ ಕಟ್ಟಿಗೆ ತುಂಡಿನಂತೆ ಕಾಣುವ ಗ್ಯಾಸ್ ಲಾಗ್‌ ಇಟ್ಟಿರುತ್ತಾರೆ. ಚಿಮಣಿಗೆ ಹೊಗೆ ಬಿಡುವ ಲಾಗ್ ಆದರೆ ಡ್ಯಾಂಪರ್ (ಚಿಮಣಿಯ ಬಾಗಿಲಿನಂಥ ತಗಡು) ಪೂರ್ತಿ ಮುಚ್ಚಿಹೋಗದಂತೆ ಅದಕ್ಕೆ ಒಂದು ಕ್ಲ್ಯಾಂಪ್ ಹಾಕಿರಬೇಕು. ಇಲ್ಲದಿದ್ದರೆ ಬಣ್ಣಗಿಣ್ಣ ಎಲ್ಲಾ ಆಮೇಲೆ, ಮೊದಲು ಅದನ್ನು ಸರಿ ಮಾಡಿಸಿ. ಚಿಮಣಿಯೇ ಇಲ್ಲದ ವೆಂಟ್-ಫ್ರೀ ಅಂತಲೂ ಒಂದಿದೆ, ಅದು ಸುಟ್ಟಿದ್ದೆಲ್ಲಾ ಕೋಣೆಗೇ ಬರುತ್ತದೆ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ನನಗೂ ಇದು ಇಷ್ಟವಿಲ್ಲ.

ಈಗ ಹಿತ್ತಾಳೆಗೆ ಬರೋಣ. ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ವ್ಯತ್ಯಾಸ ತರುವುದು ಇದೊಂದೇ ಕೆಲಸ. ಬೇಕಾಗುವುದು ಹೆಚ್ಚಿನ ಬಿಸಿ ತಡೆಯುವ ಸ್ಪ್ರೇ ಪೇಂಟ್. ಡಬ್ಬಿಯ ಮೇಲೆ 1200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ ಅಂತ ಇರುವಂಥದ್ದು. ಸಾಮಾನ್ಯ ಪೇಂಟ್ ಹಾಕಿದರೆ ಮೊದಲ ಚಳಿಗಾಲದಲ್ಲೇ ಗುಳ್ಳೆ ಏಳುತ್ತದೆ. ಬಣ್ಣ ಮ್ಯಾಟ್ ಕಪ್ಪು ಇರಲಿ ಅನ್ನುವುದು ನನ್ನ ಸಲಹೆ. ಒಳಗಿನ ಪೆಟ್ಟಿಗೆ ಹೇಗೂ ಕಪ್ಪು. ಪಟ್ಟಿಯೂ ಕಪ್ಪಾದರೆ ಎರಡೂ ಸೇರಿ ಒಂದೇ ಆಗಿ ಕಾಣುತ್ತವೆ, ಕಣ್ಣು ಬೆಂಕಿಯ ಕಡೆಗೆ ಹೋಗುತ್ತದೆ.

ಪೇಂಟ್ ಹೊಡೆಯುವುದು ಸುಲಭ, ತಯಾರಿಯಲ್ಲೇ ಇರುವುದು ಕಷ್ಟ. ನಮ್ಮ ಮನೆಗಳಲ್ಲಿ ಅಡುಗೆಮನೆಗೂ ಫ್ಯಾಮಿಲಿ ರೂಮಿಗೂ ನಡುವೆ ಗೋಡೆ ಇರುವುದಿಲ್ಲ, ಅಲ್ವಾ? ವರ್ಷಗಟ್ಟಲೆ ಹಾಕಿದ ಒಗ್ಗರಣೆಯ ಎಣ್ಣೆಹಬೆ ಆ ಹಿತ್ತಾಳೆಯ ಮೇಲೆ ತೆಳ್ಳಗೆ ಕೂತಿರುತ್ತದೆ. ಹೊಳಪಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬೆರಳು ಎಳೆದು ನೋಡಿ, ಅಂಟು ಗೊತ್ತಾಗುತ್ತದೆ. ಅದರ ಮೇಲೆ ಪೇಂಟ್ ಹೊಡೆದರೆ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಗ್ಯಾಸ್ ಬಂದ್ ಮಾಡಿ, ಒಲೆ ಹೊತ್ತಿಸುವ ಪೈಲಟ್ ಅನ್ನುವ ಸಣ್ಣ ಉರಿಯನ್ನೂ ಆರಿಸಿ, ಪಟ್ಟಿ ಮತ್ತು ಜಾಲರಿಗಳನ್ನು ಬಿಚ್ಚಿ ಗ್ಯಾರೇಜಿಗೋ ಹಿತ್ತಲಿಗೋ ಒಯ್ಯಿರಿ. ಪಾತ್ರೆ ಸೋಪಿನಿಂದ ತೊಳೆದು ಒಣಗಿಸಿ. ನುಣುಪಾದ ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಮೂಲೆ, ಅಂಚು, ಜಾಲರಿಯ ಸಂದುಗಳನ್ನು ಬಿಡಬೇಡಿ, ಸಿಪ್ಪೆ ಏಳುವುದು ಶುರುವಾಗುವುದೇ ಅಲ್ಲಿಂದ. ಕೊನೆಗೆ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ತೆಳ್ಳಗೆ ಒಂದು ಕೋಟ್, ಒಣಗಿದ ಮೇಲೆ ಮತ್ತೊಂದು. ಒಂದೇ ಸಲ ದಪ್ಪಗೆ ಹೊಡೆದರೆ ಪೇಂಟ್ ಸೋರಿ ಗೆರೆ ಬೀಳುತ್ತದೆ.

ಪಟ್ಟಿ ಬಿಚ್ಚಲು ಬರದಿದ್ದರೆ ಪೇಪರ್, ಟೇಪ್ ಹಾಕಿ ಮುಚ್ಚಿ ಬ್ರಷ್‌ನಲ್ಲಿ ಹಚ್ಚುವ ಬಿಸಿ ತಡೆಯುವ ಪೇಂಟ್ ಬಳಸಿ. ಸ್ಪ್ರೇ ಡಬ್ಬಿಯ ಆವಿ ಬೆಂಕಿ ಹಿಡಿಯುವಂಥದ್ದು. ಉರಿಯುವ ಪೈಲಟ್ ಹತ್ತಿರ ಅದನ್ನು ಒತ್ತಲೇಬಾರದು. ಬರ್ನರ್, ಲಾಗ್, ಗಾಜಿನ ಸುತ್ತಲಿನ ಗ್ಯಾಸ್ಕೆಟ್, ಇವುಗಳ ಮೇಲೆ ಪೇಂಟ್ ಬೀಳಕೂಡದು. ಪೂರ್ತಿ ಒಣಗಿದ ಮೇಲೆ ಮೊದಲ ಸಲ ಉರಿಸಿದಾಗ ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಬರಬಹುದು. ಅದು ಪೇಂಟ್ ಗಟ್ಟಿಯಾಗುವ ಲಕ್ಷಣ. ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳನ್ನೂ ಸಾಕಿದ ಹಕ್ಕಿಗಳನ್ನೂ ಬೇರೆ ಕಡೆ ಕಳಿಸಿ ಉರಿಸಿ.

ಜಾಲರಿಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈಚೆಗೆ ಎಲ್ಲರಿಗೂ ಬೇಕಾಗಿರುವುದು ಜಾಲರಿಯೇ ಕಾಣದ, ಬರೀ ಗಾಜು ಮತ್ತು ಕಲ್ಲಿನ ನಯವಾದ ನೋಟ. ಹಾಗೆ ಕಾಣಲು ಕೆಲವು ಕೆಲಸಗಾರರು ಮೇಲಿನ, ಕೆಳಗಿನ ಜಾಲರಿಗಳ ಮೇಲೇ ಕಲ್ಲು ಹೊದಿಸಿಬಿಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಕೋಣೆಯ ತಣ್ಣನೆ ಗಾಳಿ ಕೆಳಗಿನಿಂದ ಒಳಗೆ ಹೋಗಿ, ಪೆಟ್ಟಿಗೆಯ ಸುತ್ತ ಬಿಸಿಯಾಗಿ ಮೇಲಿನಿಂದ ಹೊರಗೆ ಬರಬೇಕು. ಆ ದಾರಿ ಮುಚ್ಚಿದರೆ ಬಿಸಿ ಪೆಟ್ಟಿಗೆಯ ಹಿಂದೆ, ಗೋಡೆಯೊಳಗಿನ ಮರದ ಚೌಕಟ್ಟಿನ ಹತ್ತಿರ ಸೇರಿಕೊಳ್ಳುತ್ತದೆ. ಗ್ಯಾಸ್ ವಾಲ್ವ್, ಪೈಲಟ್ ಗುಂಡಿ ಇರುವುದೂ ಕೆಳಗಿನ ಜಾಲರಿಯ ಹಿಂದೆ. ರಿಪೇರಿಗೆ ಬಂದವರು ಕಲ್ಲು ಒಡೆಯಬೇಕಾಗುತ್ತದೆ. ಆ ನಯವಾದ ನೋಟವೇ ಬೇಕೆಂದರೆ ಅದಕ್ಕಾಗಿಯೇ ತಯಾರಾದ ಮಾಡೆಲ್‌ಗಳಿವೆ. ಹಳೆಯದನ್ನು ಹಾಗೆ ಮಾಡಲು ಬರುವುದಿಲ್ಲ.

ಟೈಲ್ಸ್ ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೇ ಹೊಸ ಪೋರ್ಸಲೇನ್ ಟೈಲ್ಸ್ ಹಾಕಬಹುದು. ಡಬ್ಬಿಯಲ್ಲಿ ಬರುವ ರೆಡಿ ಅಂಟು ಬೇಡ, ಬಿಸಿಗೆ ಬಿಟ್ಟುಕೊಳ್ಳುತ್ತದೆ. ಸಿಮೆಂಟ್ ಆಧಾರದ ಥಿನ್‌ಸೆಟ್ ಬಳಸಬೇಕು. ಪೇಪರ್ ಸುಲಿದು ಅಂಟಿಸುವ ವಿನೈಲ್ ಟೈಲ್ಸ್ ಇಲ್ಲಿ ಖಂಡಿತ ಬೇಡ. ಇನ್ನೊಂದು ಸಣ್ಣ ವಿಷಯವನ್ನು ಅನೇಕರು ಮರೆಯುತ್ತಾರೆ. ಟೈಲ್ಸ್ ಮೇಲೆ ಟೈಲ್ಸ್ ಕೂತಾಗ ಗೋಡೆ ಅರ್ಧ ಇಂಚಿನಷ್ಟು ಮುಂದೆ ಬರುತ್ತದೆ. ಆಗ ಗಾಜಿನ ಚೌಕಟ್ಟು ಸಿಕ್ಕಿಹಾಕಿಕೊಂಡು ಹೊರಗೆ ಬರದೇ ಹೋಗಬಹುದು. ಗಾಜು ಬಿಚ್ಚದೆ ಸರ್ವಿಸ್ ಮಾಡಲು ಆಗುವುದಿಲ್ಲ. ಅಂಟಿಸುವ ಮೊದಲು ಒಂದು ಟೈಲ್ ಅನ್ನು ಸುಮ್ನೆ ಅಂಚಿಗೆ ಹಿಡಿದು, ಗಾಜು ಮತ್ತು ಜಾಲರಿ ಎರಡನ್ನೂ ತೆಗೆದು ಹಾಕಿ ನೋಡಿ.

ಓಕ್ ಮ್ಯಾಂಟಲ್‌ಗೆ ಬಿಳಿ ಬಣ್ಣ ಹಚ್ಚುವವರು ಜಾಸ್ತಿ. ಓಕ್ ಮರದ ಒಗರು ಬಿಳಿ ಬಣ್ಣದ ಮೂಲಕ ಹಳದಿ ಕಲೆಯಾಗಿ ಮೇಲೆ ಬರುತ್ತದೆ. ಮೊದಲು ಕಲೆ ತಡೆಯುವ ಪ್ರೈಮರ್ ಹಾಕಿದರೆ ಆ ತೊಂದರೆ ಇಲ್ಲ. ಹಳೆಯದನ್ನು ತೆಗೆದು ದಪ್ಪ ತೊಲೆಯಂಥ ಮ್ಯಾಂಟಲ್ ಕೂರಿಸುವುದಾದರೆ ಅಳತೆ ಮುಖ್ಯ. ಇಟ್ಟಿಗೆಯ ಒಲೆಗೆ ಇಲ್ಲಿನ ವಸತಿ ಕಟ್ಟಡಗಳ ಕೋಡ್‌ನಲ್ಲಿ ಸ್ಪಷ್ಟ ನಿಯಮವಿದೆ. ಒಲೆಯ ಬಾಯಿಯಿಂದ 6 ಇಂಚಿನೊಳಗೆ ಮರ ಇರಕೂಡದು. 12 ಇಂಚಿನೊಳಗೆ ಇದ್ದರೆ, ಪ್ರತಿ ಇಂಚು ದೂರಕ್ಕೆ ಎಂಟನೇ ಒಂದು ಇಂಚಿಗಿಂತ ಹೆಚ್ಚು ಮುಂದೆ ಚಾಚಬಾರದು. ಅಂದರೆ ಬಾಯಿಯಿಂದ 10 ಇಂಚು ಮೇಲಿರುವ ಮರ ಒಂದೂಕಾಲು ಇಂಚಷ್ಟೇ ಮುಂದೆ ಬರಬಹುದು. 8 ಇಂಚು ಅಗಲದ ತೊಲೆಯನ್ನು ಅಲ್ಲಿ ಕೂರಿಸುವ ಮಾತೇ ಇಲ್ಲ. ಕಾರ್ಖಾನೆಯಲ್ಲಿ ತಯಾರಾದ ಗ್ಯಾಸ್ ಪೆಟ್ಟಿಗೆಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಮ್ಯಾನ್ಯುಯಲ್‌ನಲ್ಲಿ ಬೇರೆಯದೇ ಪಟ್ಟಿ ಇರುತ್ತದೆ. ಗಾಜಿನ ಅಂಚಿನವರೆಗೆ ಮರದ ಹಲಗೆ ಬಡಿದ ಚಿತ್ರಗಳನ್ನು ತೋರಿಸಿ "ಹೀಗೇ ಬೇಕು" ಅನ್ನುವವರಿಗೆ ನಾನು ಮೊದಲು ಆ ಪಟ್ಟಿಯನ್ನೇ ತೋರಿಸುತ್ತೇನೆ.

ಟಿವಿಯನ್ನು ಮೇಲೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬಹಳಷ್ಟು ಟಿವಿಗಳು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಗಾಳಿಯಲ್ಲಿ ಕೆಲಸ ಮಾಡಲು ತಯಾರಾದವು. ಟಿವಿ ಬರುವ ಜಾಗಕ್ಕೆ ಥರ್ಮಾಮೀಟರ್ ಅಂಟಿಸಿ, ಫೈರ್‌ಪ್ಲೇಸನ್ನು ಒಂದೆರಡು ಗಂಟೆ ಉರಿಸಿ ನೋಡಿ. ಉತ್ತರ ಗೋಡೆಯೇ ಹೇಳುತ್ತದೆ.

ಒಳಗಿನ ಲಾಗ್‌ಗಳನ್ನು ಚೆಂದಕ್ಕೆಂದು ಅತ್ತಿತ್ತ ಸರಿಸಬೇಡಿ. ಅವು ಪಿಂಗಾಣಿಯಂಥ ವಸ್ತುವಿನವು, ಬೆಂಕಿಯ ನಾಲಗೆ ಎಲ್ಲಿ ತಾಕಬೇಕು ಅಂತ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಜಾಗ ತಪ್ಪಿದರೆ ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ನದಿಯ ಬೆಣಚುಕಲ್ಲು ತಂದು ಹಾಕುವುದಂತೂ ಅಪಾಯ. ಒಳಗೆ ತೇವ ಇದ್ದರೆ ಬಿಸಿಗೆ ಸಿಡಿಯುತ್ತದೆ. ಬಣ್ಣದ ಗಾಜಿನ ಚೂರು ಹಾಕುವ ಆಸೆಯಿದ್ದರೆ ನಿಮ್ಮ ಮಾಡೆಲ್‌ಗೆ ಕಂಪನಿಯೇ ಒಪ್ಪಿಗೆ ಕೊಟ್ಟ ಕಿಟ್ ಇದೆಯಾ ಕೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ಗಾಜಿನ ಒಳಮೈಯ ಬಿಳಿ ಮಂಜನ್ನು ಮಾತ್ರ ಧಾರಾಳವಾಗಿ ತೆಗೆಯಬಹುದು. ಗಾಜು ಪೂರ್ತಿ ಆರಿದ ಮೇಲೆ, ಅಮೋನಿಯ ಇಲ್ಲದ ಫೈರ್‌ಪ್ಲೇಸ್ ಗಾಜಿನ ಕ್ಲೀನರ್ ಹಾಕಿ ಒರೆಸಿ. ಇಷ್ಟರಿಂದಲೇ ಕೆಲವು ಫೈರ್‌ಪ್ಲೇಸ್‌ಗಳು ಅರ್ಧ ಹೊಸದಾಗುತ್ತವೆ.

ಗೋಡೆಯ ಸ್ವಿಚ್ ಬದಲಾಯಿಸುವವರಿಗೆ ಒಂದು ಎಚ್ಚರಿಕೆ. ಸದಾ ಉರಿಯುವ ಪೈಲಟ್ ಇರುವ ಹಳೆಯ ಫೈರ್‌ಪ್ಲೇಸ್‌ಗಳಲ್ಲಿ ಆ ಸ್ವಿಚ್‌ಗೆ ಬರುವುದು ಪೈಲಟ್ ಬಿಸಿಯಿಂದಲೇ ಹುಟ್ಟಿದ ಕರೆಂಟ್, ಒಂದು ವೋಲ್ಟ್‌ಗಿಂತಲೂ ಕಡಿಮೆ. ನೋಡಲು ಲೈಟ್ ಸ್ವಿಚ್ ಥರಾನೇ ಇರುತ್ತದೆ. ಲೈಟ್ ಸ್ವಿಚ್ ಅಂದುಕೊಂಡು ಮನೆಯ 120 ವೋಲ್ಟ್ ಕೊಟ್ಟರೆ ವಾಲ್ವ್ ಸುಟ್ಟುಹೋಗುತ್ತದೆ.

ನಮ್ಮ ಮನೆಗಳಲ್ಲಿ ಮ್ಯಾಂಟಲ್‌ಗೆ ಇನ್ನೂ ಒಂದು ಕೆಲಸ ಇರುತ್ತದೆ. ಅದು ಕೂಡಲೇ ದೇವರ ಗೂಡಾಗುತ್ತದೆ. ನವರಾತ್ರಿಗೆ ಫೈರ್‌ಪ್ಲೇಸ್ ಮುಂದೆಯೇ ಗೊಂಬೆಗಳ ಮೆಟ್ಟಿಲು ಬರುತ್ತದೆ, ಹಿಂದೆ ರೇಷ್ಮೆ ಸೀರೆ ಇಳಿಬಿಡುತ್ತಾರೆ, ಮೇಲಿಂದ ತೋರಣ. ನೋಡಲು ಎಷ್ಟು ಚೆಂದ! ಆದರೆ ಅಕ್ಟೋಬರ್ ರಾತ್ರಿ ಇಲ್ಲಿ ಚಳಿ ಶುರುವಾಗಿರುತ್ತದೆ. ಅತಿಥಿಗಳಲ್ಲಿ ಯಾರೋ ಒಬ್ಬರು ಸ್ವಿಚ್ ಒತ್ತಿದರೆ ಸಾಕು. ಗೊಂಬೆ ಇಳಿಸುವವರೆಗೂ ಗ್ಯಾಸ್ ವಾಲ್ವನ್ನೇ ಬಂದ್ ಮಾಡಿಡಿ, ಪೈಲಟ್ ಸಮೇತ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಮನೆಯಲ್ಲಿ ತೆವಳುವ ಮಗು ಇದ್ದರೆ ಗಾಜಿನ ಮುಂದೆ ಜಾಲರಿ ಪರದೆ ಇರಲೇಬೇಕು. ಉರಿಯುವಾಗ ಆ ಗಾಜು 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 200 ಸೆಲ್ಸಿಯಸ್ ದಾಟಬಹುದು. ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತದೆ. ಬೆಂಕಿ ಕಾಣದಿದ್ದಾಗಲೇ ಮಗು ಅಂಗೈ ಒತ್ತುವುದು. 2015ರಿಂದ ತಯಾರಾಗುವ ಫೈರ್‌ಪ್ಲೇಸ್‌ಗಳಲ್ಲಿ ಗಾಜು 172 ಡಿಗ್ರಿ ಫ್ಯಾರನ್‌ಹೀಟ್ ದಾಟುವುದಾದರೆ ರಕ್ಷಣೆಯ ಪರದೆಯನ್ನು ಜೊತೆಗೇ ಕೊಡಬೇಕು. 90ರ ದಶಕದವಕ್ಕೆ ಅದು ಇರುವುದಿಲ್ಲ. ಆ ಪೇಂಟಿನ ಜೊತೆಗೆ, ನಿಮ್ಮ ಮಾಡೆಲ್‌ಗೆ ಒಪ್ಪುವ ಕಪ್ಪು ಪರದೆ ಒಂದನ್ನೂ ಕೊಂಡುಬಿಡಿ. ನನ್ನ ಕಣ್ಣಿಗೆ ಪರದೆ ಹಾಕಿದ ಫೈರ್‌ಪ್ಲೇಸೇ ಚೆನ್ನಾಗಿ ಕಾಣುತ್ತದೆ, ಗಾಜಿನ ಪ್ರತಿಬಿಂಬ ಹೋಗಿ ಉರಿ ಎದ್ದು ಕಾಣುತ್ತದೆ.

ಪೆಟ್ಟಿಗೆ ಒಳಗೆ ತುಕ್ಕು ಹಿಡಿದು ತೂತಾಗಿದ್ದರೆ, ಗಾಜು ಬಿರುಕು ಬಿಟ್ಟಿದ್ದು ಅದಕ್ಕೆ ಕಂಪನಿಯ ಬಿಡಿಭಾಗ ಸಿಗದೇ ಹೋದರೆ ಆಗ ಕಿತ್ತು ಹಾಕಿ ಹೊಸದು ಕೂರಿಸುವುದೇ ಸರಿ. ಅದು ಸಾವಿರಾರು ಡಾಲರ್ ಮಾತು. ಊರಿನ ಕಟ್ಟಡ ಇಲಾಖೆಯ ಪರ್ಮಿಟ್, ಲೈಸೆನ್ಸ್ ಇರುವ ಪ್ಲಂಬರ್ ಎರಡೂ ಬೇಕು. ಪರ್ಮಿಟ್ ಬೇಡ ಅನ್ನುವ ಕೆಲಸಗಾರ ನಿಮಗೂ ಬೇಡ.

ಏನೇ ಮಾಡಿಸಿದರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ಬೇಸಿಗೆಯಲ್ಲಿ ಜೇಡಗಳು ಪೈಲಟ್ ಕೊಳವೆಯೊಳಗೆ ಬಲೆ ಕಟ್ಟುತ್ತವೆ. ಮೊದಲ ಚಳಿಗೆ ಹೊತ್ತಿಕೊಳ್ಳದ ಅನೇಕ ಫೈರ್‌ಪ್ಲೇಸ್‌ಗಳ ಕಾಯಿಲೆ ಇದೇ. ನವೆಂಬರಿನಲ್ಲಿ ಫೋನ್ ಮಾಡಿದರೆ ಟೆಕ್ನೀಶಿಯನ್ ವಾರಗಟ್ಟಲೆ ಸಿಗುವುದಿಲ್ಲ. ಆಗಸ್ಟ್‌ನಲ್ಲೇ ಕರೆಸಿ, ಪೇಂಟ್ ಕೆಲಸವನ್ನೂ ಆ ವಾರವೇ ಇಟ್ಟುಕೊಳ್ಳಿ. ಹೇಗೂ ಪೈಲಟ್ ಆರಿರುತ್ತದೆ, ಕಿಟಕಿಗಳೂ ತೆರೆದಿರುತ್ತವೆ.